ಹಗುರ ಮೈ, ಚುರುಕು ನಡೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಭಾಗದಲ್ಲಿ ಈಗ ಯಾರ ಮನೆಯಲ್ಲಿ ಕಾರಿನ ಮಾತು ಎದ್ದರೂ ಅದು ಎತ್ತರದ ಗಾಡಿಯ ಕಡೆಗೇ ಹೊರಳುತ್ತದೆ. ತೊಗರಿಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷವಂತೂ ಕಲಬುರಗಿಯ ಶೋರೂಮ್‌ಗಳಿಂದ ಹಾರ ಹಾಕಿಸಿಕೊಂಡು, ಚಕ್ರದಡಿ ನಿಂಬೆಹಣ್ಣು ಇರಿಸಿಕೊಂಡು ಹೊರಡುವವು ಹೆಚ್ಚಾಗಿ ಕಾಲೆತ್ತಿ ಹತ್ತಬೇಕಾದ ದೊಡ್ಡ ಗಾಡಿಗಳೇ. ಹೊಲದ ದಾರಿಗೆ, ತುಂಬಿದ ಮನೆಗೆ ಅವು ಬೇಕು, ಒಪ್ಪುತ್ತೇನೆ. ಆದರೆ ಇವತ್ತು ನಾನು ಈ ಮೈಕಿನ ಮುಂದೆ ಕುಳಿತಿರುವುದು ಗಿಡ್ಡನೆಯ, ಹಗುರವಾದ, ಹೇಳಿದ ಮಾತು ಕೇಳುವ ಒಂದು ಸಣ್ಣ ಕಾರಿನ ಪರವಾಗಿ ಮಾತನಾಡಲು. 2024ರ ಮೇ 9ರಂದು ಹೊಸ ರೂಪದಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಮಾರುತಿ ಸುಜುಕಿ ಸ್ವಿಫ್ಟ್ ಅದು. ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ಪಾಠ ಹೇಳುವ ನನಗೆ ಯಂತ್ರಗಳೆಂದರೆ ಮೊದಲಿನಿಂದಲೂ ಅಕ್ಕರೆ. ಆ ಅಕ್ಕರೆಗೆ ಈ ಕಾರು ಬಹಳ ವರ್ಷಗಳ ನಂತರ ಹೊಸ ನೀರೆರೆದಿದೆ.

ಮೊದಲ ಸ್ವಿಫ್ಟ್ ಭಾರತಕ್ಕೆ ಬಂದದ್ದು 2005ರ ಮೇ ತಿಂಗಳಲ್ಲಿ. ಆಗ ನಮ್ಮೂರು ಇನ್ನೂ ಗುಲ್ಬರ್ಗ. ಸಣ್ಣ ಕಾರು ಎಂದರೆ ಮಾರುತಿ 800, ಆಲ್ಟೊ, ಸ್ಯಾಂಟ್ರೊ, ಇಂಡಿಕಾ. ಮನೆಮಂದಿಯನ್ನು ಅಗ್ಗದಲ್ಲಿ ಊರಿಂದೂರಿಗೆ ಮುಟ್ಟಿಸುವುದಷ್ಟೇ ಅವುಗಳಿಂದ ಜನ ಬಯಸುತ್ತಿದ್ದ ಕೆಲಸ. ಅವುಗಳ ನಡುವೆ ನಾಲ್ಕೂ ಚಕ್ರಗಳನ್ನು ಮೂಲೆಗೆ ತಳ್ಳಿ, ಭುಜ ಉಬ್ಬಿಸಿ, ಕಿಟಕಿಯ ಕಂಬಗಳಿಗೆ ಕಪ್ಪು ಬಳಿದುಕೊಂಡು ಬಂದ ಈ ಕಾರನ್ನು ಜಗತ್ ಸರ್ಕಲ್‌ನಲ್ಲಿ ಜನ ತಿರುಗಿ ನೋಡುತ್ತಿದ್ದರು. ಒಳಗಿದ್ದದ್ದು 1.3 ಲೀಟರಿನ ಪೆಟ್ರೋಲ್ ಎಂಜಿನ್, 87 ಅಶ್ವಶಕ್ತಿ. ಆ ಕಾಲಕ್ಕೆ, ಆ ಗಾತ್ರಕ್ಕೆ ಅದು ಧಾರಾಳವಾಗಿಯೇ ಇತ್ತು. 2007ರಲ್ಲಿ ಡೀಸೆಲ್ ಎಂಜಿನ್ನೂ ಸೇರಿತು. ಅದೇ ವರ್ಷ ಸ್ವೀಡನ್ನಿನ ಪಿ. ಜಿ. ಆಂಡರ್ಸನ್ ಎಂಬ ಚಾಲಕ ರ‍್ಯಾಲಿಗಾಗಿ ಸಜ್ಜುಗೊಳಿಸಿದ ಸ್ವಿಫ್ಟ್ ಓಡಿಸಿ ಜೂನಿಯರ್ ವಿಶ್ವ ರ‍್ಯಾಲಿ ಪ್ರಶಸ್ತಿ ಗೆದ್ದರು. ರ‍್ಯಾಲಿಯ ಆ ಗಾಡಿಗೂ ಅಂಗಡಿಯಲ್ಲಿ ಸಿಗುವ ಗಾಡಿಗೂ ಅಜಗಜಾಂತರವಿದೆ, ನಿಜ. ಆದರೂ ಗಿಡ್ಡ, ಹಗುರ, ಗಟ್ಟಿ ಎಂಬ ಮೂಲ ಅಂಗಸೌಷ್ಠವ ಎರಡಕ್ಕೂ ಒಂದೇ.

2011ರಲ್ಲಿ ಎರಡನೆಯ ತಲೆಮಾರು ಬಂತು, 2018ರಲ್ಲಿ ಮೂರನೆಯದು. ಮೂರನೆಯದರ ತಳಕಟ್ಟನ್ನು ಹೊಸದಾಗಿ ರೂಪಿಸಿ ತೂಕ ಇಳಿಸಿದ್ದರು. ಈಗಿನ ನಾಲ್ಕನೆಯದು ಅದೇ ತಳಕಟ್ಟಿನ ಮೇಲೆ ನಿಂತಿದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಆಗಲೂ 2450 ಮಿಲಿಮೀಟರ್, ಈಗಲೂ ಅಷ್ಟೇ. ಉದ್ದ 3860, ಅಗಲ 1735. ನೆಲದಿಂದ 163 ಮಿಲಿಮೀಟರ್ ಎತ್ತರ. ತೂಕ 900 ಕಿಲೋಗ್ರಾಂಗಿಂತ ತುಸು ಹೆಚ್ಚು. ಈ ಕಾಲದಲ್ಲಿ ಆರು ಏರ್‌ಬ್ಯಾಗ್ ಹೊತ್ತುಕೊಂಡೂ ಒಂದು ಟನ್ನಿನೊಳಗೆ ಉಳಿಯುವುದು ಸಣ್ಣ ಸಾಧನೆಯಲ್ಲ. ನನ್ನ ಸಂತೋಷದ ಮೂಲವೇ ಆ ತೂಕ.

ಹಗುರವಾದ ಕಾರು ಏಕೆ ಚುರುಕು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಿರುವಿನಲ್ಲಿ ಕಾರನ್ನು ದಾರಿಯಲ್ಲಿ ಹಿಡಿದಿಡುವುದು ಅಂಗೈಯಗಲದ ನಾಲ್ಕು ರಬ್ಬರ್ ತುಂಡುಗಳು ಮಾತ್ರ. ಟೈರು ನೆಲವನ್ನು ಮುಟ್ಟುವ ಜಾಗ ಅಷ್ಟೇ. ಮೈಭಾರ ಹೆಚ್ಚಾದಷ್ಟೂ ಆ ತುಂಡುಗಳ ಮೇಲಿನ ಎಳೆತ ಹೆಚ್ಚು, ಕಾರು ಎತ್ತರವಾದಷ್ಟೂ ಹೊರಬದಿಗೆ ವಾಲುವುದು ಹೆಚ್ಚು. ಸ್ಟೇರಿಂಗ್ ತಿರುಗಿಸಿದ ಕ್ಷಣಕ್ಕೂ ಮೂತಿ ತಿರುಗುವ ಕ್ಷಣಕ್ಕೂ ನಡುವೆ ಒಂದು ಸಣ್ಣ ಬಿಡುವು ಬಂದುಬಿಡುತ್ತದೆ. ಸ್ವಿಫ್ಟ್‌ನಲ್ಲಿ ಆ ಬಿಡುವು ಇಲ್ಲವೆನ್ನುವಷ್ಟು ಕಡಿಮೆ. ನೀವು ತಿರುವನ್ನು ನೋಡುತ್ತೀರಿ, ಕೈ ಅಲ್ಪ ಚಲಿಸುತ್ತದೆ, ಕಾರು ಆಗಲೇ ಅಲ್ಲಿರುತ್ತದೆ. ಬೀದರ್‌ನ ಕೇಳುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಅವರ ಊರಿನಲ್ಲೇ. ಆ ತಂಡ ಹಾರಿಸುತ್ತ ಬಂದಿರುವುದು ದೊಡ್ಡ ಯುದ್ಧವಿಮಾನಗಳನ್ನಲ್ಲ, ತರಬೇತಿಯ ಹಗುರ ವಿಮಾನಗಳನ್ನು. ಕತ್ತೆತ್ತಿ ನೋಡುವವರು ಬೆರಗಾಗುವುದು ಅವು ಮಾತು ಕೇಳುವ ರೀತಿಗೆ. ಸಣ್ಣ ಸ್ಪೋರ್ಟಿ ಕಾರಿನ ಸುಖವೂ ಅದೇ ಜಾತಿಯದು.

ಹೊಸ ಸ್ವಿಫ್ಟ್ ಬಂದಾಗ ಕಾರುಪ್ರಿಯರಲ್ಲಿ ಒಂದು ಅಸಮಾಧಾನ ಎದ್ದಿತು. ಹಳೆಯದರಲ್ಲಿ ನಾಲ್ಕು ಸಿಲಿಂಡರಿನ, ಎಂದರೆ ಇಂಧನ ಉರಿಯುವ ನಾಲ್ಕು ಕೊಳವೆಗಳ, ಎಂಜಿನ್ ಇತ್ತು, ಸುಮಾರು 90 ಅಶ್ವಶಕ್ತಿ ಕೊಡುತ್ತಿತ್ತು. ಹೊಸದರಲ್ಲಿರುವುದು ಝಡ್ 12 ಇ ಎಂಬ ಮೂರು ಸಿಲಿಂಡರಿನ ಎಂಜಿನ್, ಶಕ್ತಿ ಸುಮಾರು 82ಕ್ಕೆ ಇಳಿದಿದೆ. ‘ಸರ್, ಸ್ಪೋರ್ಟಿ ಅಂತ ಹೇಳಿ ಶಕ್ತಿಯನ್ನೇ ಕಡಿಮೆ ಮಾಡಿದರಲ್ಲ’ ಎಂದು ನನ್ನ ವಿದ್ಯಾರ್ಥಿಗಳು ತರಗತಿಯಲ್ಲಿ ಜಗಳಕ್ಕೇ ನಿಂತರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಹಳೆಯ ಎಂಜಿನ್ ನಿಮಿಷಕ್ಕೆ 6000 ಸುತ್ತಿನತ್ತ ಏರುವಾಗ ಕೊಡುತ್ತಿದ್ದ ನುಣುಪು ಹೊಸದರಲ್ಲಿ ಇಲ್ಲ. ಮೇಲಿನ ವೇಗದಲ್ಲಿ ಲಾರಿಯೊಂದನ್ನು ದಾಟುವಾಗ ಆ ಎಂಟು ಅಶ್ವಶಕ್ತಿಯ ಕೊರತೆ ಗೊತ್ತಾಗುತ್ತದೆ.

ಆದರೆ ಮೂರು ಸಿಲಿಂಡರ್ ಎಂದರೆ ಕೀಳು ಎಂಬ ಭಾವನೆಯನ್ನು ನಾನು ಒಪ್ಪುವುದಿಲ್ಲ. ಎರಡೂ ಎಂಜಿನ್‌ಗಳ ಗಾತ್ರ 1197 ಸಿಸಿ. ಅಷ್ಟೇ ಗಾತ್ರವನ್ನು ನಾಲ್ಕರ ಬದಲು ಮೂರಕ್ಕೆ ಹಂಚಿದರೆ ಒಂದೊಂದು ಸಿಲಿಂಡರೂ 300 ಸಿಸಿಯಿಂದ 400 ಸಿಸಿಯ ಹತ್ತಿರಕ್ಕೆ ಹಿಗ್ಗುತ್ತದೆ. ಉರಿಯುವ ಅನಿಲಕ್ಕೆ ತಾಗುವ ಗೋಡೆಯ ಪಾಲು ಕಡಿಮೆಯಾಗಿ, ಪೋಲಾಗುವ ಶಾಖ ಇಳಿಯುತ್ತದೆ. ಒಂದು ಪಿಸ್ಟನ್, ಅದರ ರಿಂಗುಗಳು, ಅದರ ಬೇರಿಂಗ್ ಇಲ್ಲವಾದ್ದರಿಂದ ಉಜ್ಜಾಟವೂ ಕಡಿಮೆ. ಹೀಗಾಗಿಯೇ ಕಂಪನಿ ಮ್ಯಾನುಯಲ್ ಗೇರಿಗೆ ಲೀಟರಿಗೆ 24.8, ತಾನಾಗಿ ಗೇರು ಬದಲಿಸುವ ಎ.ಎಂ.ಟಿ.ಗೆ 25.75 ಕಿಲೋಮೀಟರ್ ಮೈಲೇಜ್ ಘೋಷಿಸಿದೆ. ಅದು ಪರೀಕ್ಷಾಲಯದ ಲೆಕ್ಕ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಸಂಜೆಯ ಗದ್ದಲದಲ್ಲಿ ಅಷ್ಟು ಬರುವುದಿಲ್ಲ.

ಮೂರು ಸಿಲಿಂಡರಿನ ದೋಷವೂ ಅದರ ರಚನೆಯಲ್ಲೇ ಇದೆ. ನಾಲ್ಕು ಸಿಲಿಂಡರಿನಲ್ಲಿ, ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕಿನ ಪ್ರತಿ 180 ಡಿಗ್ರಿಗೆ ಒಂದು ಸ್ಫೋಟವಾದರೆ ಮೂರರಲ್ಲಿ 240 ಡಿಗ್ರಿಗೆ ಒಂದು. ಬಲದ ಬಡಿತಗಳ ನಡುವೆ ಅಂತರ ಹೆಚ್ಚು. ಜೊತೆಗೆ ನಡುವಿನ ಸಿಲಿಂಡರಿನ ಆಚೀಚಿನ ಎರಡು ಬೇರೆ ಬೇರೆ ಹೊತ್ತಿಗೆ ಏರಿಳಿಯುವುದರಿಂದ ಎಂಜಿನ್ ತನ್ನ ಉದ್ದಕ್ಕೂ ತೂಗಾಡಲು ನೋಡುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಸೀಟಿನಲ್ಲಿ ಸಣ್ಣ ನಡುಕ ಗೊತ್ತಾಗುವುದು ಇದರಿಂದಲೇ. ಹೊರಟು ಎರಡನೆಯ ಗೇರಿಗೆ ಬಂದ ಮೇಲೆ ಅದು ಅಡಗುತ್ತದೆ. ಅಲ್ಲಿಂದ ಈ ಎಂಜಿನ್ನಿನ ಒಳ್ಳೆಯ ದಿನ ಶುರು. ತಿರುಗುಬಲ, ಎಂದರೆ ಟಾರ್ಕ್, 4300 ಸುತ್ತಿನಲ್ಲಿ ಸುಮಾರು 112 ನ್ಯೂಟನ್ ಮೀಟರ್. ಹಳೆಯದಕ್ಕಿಂತ ಕಡಿಮೆಯಾದದ್ದು ಸುಮಾರು ಒಂದೇ ಒಂದು. ಊರೊಳಗೆ, ಹಂಪು ದಾಟಿ ಮತ್ತೆ ಹೊರಡುವಾಗ, ನಮ್ಮ ಕಾಲಿಗೆ ಒದಗುವುದು ಈ ತಿರುಗುಬಲವೇ. ಆಕ್ಸಲರೇಟರ್ ಮೇಲೆ ಕಾಲಿಟ್ಟೊಡನೆ ಅದು ಸೊಗಸಾಗಿ ಎಳೆಯುತ್ತದೆ.

ಈ ಕಾರಿನ ಗುಣವನ್ನು ನಾನು ಮನಸಾರೆ ಕಂಡದ್ದು ಚಿಂಚೋಳಿಯಿಂದ ಕುಂಚಾವರಂ ಕಡೆಗೆ ಹೋಗುವ ಕಾಡಿನ ದಾರಿಯಲ್ಲಿ. ನಮ್ಮ ಜಿಲ್ಲೆಯೆಂದರೆ ಬಯಲು, ಬಿಸಿಲು ಎಂದುಕೊಂಡವರು ಆ ದಾರಿಯನ್ನು ನೋಡಬೇಕು. ಕೆಂಪು ಮಣ್ಣು, ಮರಗಳ ನೆರಳು, ಒಂದರ ಹಿಂದೆ ಒಂದು ತಿರುವು. ಅದು ವನ್ಯಜೀವಿಧಾಮದ ಪ್ರದೇಶ, ವೇಗಕ್ಕೆ ಅಲ್ಲಿ ಜಾಗವಿಲ್ಲ, ಇರಲೂಬಾರದು. ವೇಗ ಬೇಕಾಗಲೂ ಇಲ್ಲ. ಗಂಟೆಗೆ 40 ಕಿಲೋಮೀಟರಿನಲ್ಲೇ ಈ ಕಾರು ಚಾಲಕನ ಜೊತೆ ಮಾತಿಗಿಳಿಯುತ್ತದೆ. ಮೂರನೆಯ ಗೇರಿನಿಂದ ಎರಡನೆಯದಕ್ಕೆ ಇಳಿಸಿ, ಬ್ರೇಕು ಬಿಟ್ಟು, ಮೂತಿಯನ್ನು ತಿರುವಿನ ಒಳಬದಿಗೆ ಹಿಡಿದರೆ ಹಿಂಭಾಗ ತಡವರಿಸದೆ ಹಿಂಬಾಲಿಸುತ್ತದೆ. ದೊಡ್ಡ, ಬಲಶಾಲಿ ಗಾಡಿಗಳು ಇದೇ ಸುಖವನ್ನು ಕೊಡಬೇಕಾದರೆ ಸಾರ್ವಜನಿಕ ರಸ್ತೆಯಲ್ಲಿ ಯಾರೂ ಹೋಗಬಾರದ ವೇಗಕ್ಕೆ ಹೋಗಬೇಕು. ಸಣ್ಣ ಸ್ಪೋರ್ಟಿ ಕಾರು ಕಾನೂನಿನೊಳಗೇ ಸಂತೋಷ ಕೊಡುತ್ತದೆ. ಹದಿನೆಂಟು ತುಂಬಿ ಹೊಸದಾಗಿ ಲೈಸೆನ್ಸ್ ಪಡೆದ ಹುಡುಗ ಹುಡುಗಿಯರ ತಂದೆತಾಯಿಗಳು ಇದನ್ನು ಗಮನಿಸಬೇಕೆಂದು ನನ್ನ ಆಸೆ.

ಇನ್ನು ಎರೆಭೂಮಿಯ ರಸ್ತೆ. ಕಟ್ಟಿಸಂಗಾವಿಯಲ್ಲಿ ಭೀಮಾ ನದಿ ದಾಟಿ ಜೇವರ್ಗಿ, ಶಹಾಪುರದ ಕಡೆಗೆ ಓಡಾಡುವವರಿಗೆ ಇದು ಚೆನ್ನಾಗಿ ಗೊತ್ತು. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಎಷ್ಟೇ ಚೆನ್ನಾಗಿದ್ದರೂ ಕೆಲವು ವರ್ಷಗಳಲ್ಲಿ ಅಲೆ ಅಲೆಯಾಗುತ್ತದೆ. ಚಕ್ರಾಂತರ ಕಡಿಮೆಯಿರುವ ಕಾರು ಇಂಥ ಅಲೆಗಳ ಮೇಲೆ ಮುಂದೊಮ್ಮೆ ಹಿಂದೊಮ್ಮೆ ತೂಗುತ್ತದೆ. ಸ್ವಿಫ್ಟ್ ಕೂಡ ತೂಗುತ್ತದೆ. ಅದರ ಸಸ್ಪೆನ್ಷನ್ ಮೆತ್ತಗಿನದಲ್ಲ, ಬಿರುಸಿನದು. ಆದ್ದರಿಂದಲೇ ಉಬ್ಬೊಂದನ್ನು ದಾಟಿದ ಮೇಲೆ ಒಂದೇ ಏಟಿಗೆ ಸ್ತಿಮಿತಕ್ಕೆ ಬರುತ್ತದೆ, ಎರಡನೆಯ ಸಲ ಕುಲುಕುವುದಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತ ಹಿರಿಯರಿಗೆ ಈ ಬಿರುಸು ಹಿಡಿಸದಿರಬಹುದು. ಅವರಿಗಾಗಿ ಒಂದು ಸಲಹೆ ಇದೆ. ಕೆಳಗಿನ ಮಾದರಿಗಳಲ್ಲಿ 14 ಇಂಚಿನ ಚಕ್ರ, 165/80 ಟೈರು ಬರುತ್ತದೆ. ಮೇಲಿನ ಮಾದರಿಗಳಲ್ಲಿ 15 ಇಂಚು, 185/65. ಮೊದಲ ಅಂಕಿ ಮಿಲಿಮೀಟರಿನಲ್ಲಿ ಟೈರಿನ ಅಗಲ, ಎರಡನೆಯದು ಅದರ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು. ಲೆಕ್ಕ ಹಾಕಿದರೆ ಸಣ್ಣ ಚಕ್ರದ ಟೈರಿನ ಗೋಡೆ 132 ಮಿಲಿಮೀಟರ್, ದೊಡ್ಡದರದು 120. ನೋಟಕ್ಕೆ ದೊಡ್ಡ ಚಕ್ರ ಚೆನ್ನ. ನಮ್ಮ ತಗ್ಗು ದಿಣ್ಣೆಗಳಿಗೆ ಗಾಳಿ ಹೆಚ್ಚು ಹಿಡಿಯುವ ಸಣ್ಣ ಚಕ್ರವೇ ಮೇಲು.

ಹಳೆಯ ಊರುಗಳ ಓಣಿಗಳಲ್ಲಿ ಇದರ ಬೆಲೆ ಬೇರೆಯೇ ರೀತಿಯಲ್ಲಿ ತಿಳಿಯುತ್ತದೆ. ತಿರುಗುವ ತ್ರಿಜ್ಯ 4.8 ಮೀಟರ್. ಬೀದರ್‌ನಲ್ಲಿ ಮಹಮೂದ್ ಗವಾನ್ ಮದರಸಾ ನೋಡಿಕೊಂಡು ಚೌಬಾರಾ ಕಡೆಗೆ ಬರುವಾಗ, ಅತ್ತ ಹಣ್ಣಿನ ತಳ್ಳುಗಾಡಿ, ಇತ್ತ ನಿಲ್ಲಿಸಿದ ಆಟೊ ಇರುವಲ್ಲಿ, ಹಿಂದೆ ಮುಂದೆ ಮಾಡದೆ ಒಂದೇ ಸುತ್ತಿಗೆ ಕಾರು ತಿರುಗಿದರೆ ಆಗುವ ನೆಮ್ಮದಿಯನ್ನು ಓಡಿಸುವವರೇ ಬಲ್ಲರು. ಕಲಬುರಗಿಯ ದರ್ಗಾದ ಸುತ್ತಲಿನ ಗಲ್ಲಿಗಳಿಗೂ ಇದೇ ಮಾತು.

ಹೊರಗಿನ ರೂಪದ ಬಗ್ಗೆ ಎರಡು ಮಾತು ಸಾಕು. ಬಾನೆಟ್ಟು ಈಗ ಪಕ್ಕೆಯವರೆಗೂ ಹೊದ್ದುಕೊಂಡಿದೆ, ಲಾಂಛನ ಜಾಲರಿಯಿಂದ ಮೇಲೇರಿ ಬಾನೆಟ್ಟಿನ ಅಂಚಿಗೆ ಕುಳಿತಿದೆ. ಕಿತ್ತಳೆ ಬಣ್ಣದ್ದು ನಮ್ಮ ಬಿಸಿಲಿನಲ್ಲಿ ಕಣ್ಣು ತುಂಬುತ್ತದೆ. ನನಗೆ ತುಂಬ ಹಿಡಿಸಿದ ಬದಲಾವಣೆ ಹಿಂಬಾಗಿಲಿನದು. 2018ರ ಮಾದರಿಯಲ್ಲಿ ಅದರ ಹಿಡಿಯನ್ನು ಕಿಟಕಿಯ ಪಕ್ಕದ ಕಪ್ಪು ಕಂಬದಲ್ಲಿ ಅಡಗಿಸಿದ್ದರು. ಮದುವೆಗೆ ಹೊರಟ ದಿನ ನಮ್ಮ ದೊಡ್ಡವ್ವ ಬಾಗಿಲ ಮೇಲೆಲ್ಲ ಕೈಯಾಡಿಸಿ, ‘ಇದಕ್ಕೆ ಹಿಡಿಯೇ ಇಲ್ಲವಲ್ಲ ತಮ್ಮಾ’ ಎಂದು ನಿಂತುಬಿಟ್ಟಿದ್ದರು. ಹೊಸದರಲ್ಲಿ ಹಿಡಿ ಬಾಗಿಲಿಗೇ ಮರಳಿದೆ. ಬೇಡಿಕೆ ಆಲಿಸುವ ವಿನ್ಯಾಸಕಾರರ ಮೇಲೆ ನನಗೆ ಗೌರವ. ಹಿಂದಿನ ಸೀಟಿನವರಿಗೂ ಎ.ಸಿ. ಗಾಳಿ ಬರುವ ಕಿಂಡಿಗಳನ್ನು ಹಲವು ಮಾದರಿಗಳಲ್ಲಿ ಕೊಟ್ಟಿದ್ದಾರೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಾಡಿನಲ್ಲಿ ಇದನ್ನು ಐಷಾರಾಮ ಎನ್ನಲಾಗದು.

ಸುರಕ್ಷತೆಯ ಮಾತನ್ನು ಆಡದೆ ಹೋದರೆ ತಪ್ಪಾಗುತ್ತದೆ. ಹಳೆಯ ಸ್ವಿಫ್ಟ್‌ಗೆ 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ಸಿಕ್ಕಿದ್ದು ಐದರಲ್ಲಿ ಒಂದೇ ಸ್ಟಾರ್. ಹಗುರವಾದದ್ದೇ ಚೆಂದ ಎನ್ನುವ ನನ್ನಂಥವರಿಗೆ ಆ ಫಲಿತಾಂಶ ನೋವು ತಂದಿತ್ತು. ಹೊಸದರ ಎಲ್ಲ ಮಾದರಿಗಳಲ್ಲೂ ಆರು ಏರ್‌ಬ್ಯಾಗ್, ಜಾರುವ ಕಾರನ್ನು ಹಿಡಿತಕ್ಕೆ ತರುವ ಇ.ಎಸ್.ಪಿ., ಐವರಿಗೂ ಪೂರ್ಣ ಸೀಟ್ ಬೆಲ್ಟ್ ಇವೆ. ಅಗ್ಗದ ಮಾದರಿ ಕೊಳ್ಳುವವನ ಜೀವಕ್ಕೂ ಅಷ್ಟೇ ಬೆಲೆ ಎಂದು ಒಪ್ಪಿಕೊಂಡದ್ದಕ್ಕೆ ನಾನು ಇದನ್ನು ಎಲ್ಲಕ್ಕಿಂತ ದೊಡ್ಡ ಸುಧಾರಣೆ ಎನ್ನುತ್ತೇನೆ. ಹಿಂದೆ ಕೂರುವವರು ದಯವಿಟ್ಟು ಆ ಬೆಲ್ಟನ್ನು ಹಾಕಿಕೊಳ್ಳಿ.

ಬೆಲೆಯ ಲೆಕ್ಕವೂ ಈಗ ಸಣ್ಣ ಕಾರಿನ ಕಡೆಗಿದೆ. ನಾಲ್ಕು ಮೀಟರಿನೊಳಗಿನ ಉದ್ದ, 1200 ಸಿಸಿಯೊಳಗಿನ ಪೆಟ್ರೋಲ್ ಎಂಜಿನ್ ಇದ್ದರೆ 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಶೇಕಡಾ 18. ಮೊದಲು ಅದು 28, ಮೇಲೆ ಸೆಸ್ ಬೇರೆ. 3860 ಮಿಲಿಮೀಟರ್, 1197 ಸಿಸಿ ಎಂಬ ಅಂಕಿಗಳ ಹಿಂದೆ ಈ ತೆರಿಗೆಯ ಗೆರೆಯೂ ಇದೆ. ನನ್ನದೊಂದೇ ಕೊರಗು. ಹೊರದೇಶಗಳಲ್ಲಿ 1.4 ಲೀಟರಿನ ಟರ್ಬೊ ಎಂಜಿನ್ನಿನ ಸ್ವಿಫ್ಟ್ ಸ್ಪೋರ್ಟ್ ಮಾರಾಟವಾಯಿತು, ಅದು ನಮ್ಮ ಶೋರೂಮ್‌ಗಳಿಗೆ ಬರಲೇ ಇಲ್ಲ. ಲಕ್ಷಾಂತರ ಸ್ವಿಫ್ಟ್ ಕೊಂಡ ದೇಶದ ಯುವಕರಿಗೆ ಅದನ್ನು ಸಣ್ಣ ಸಂಖ್ಯೆಯಲ್ಲಾದರೂ ಕೊಡಬೇಕು.

ಕೊಳ್ಳುವ ಮನಸ್ಸಿದ್ದವರಿಗೆ ಕೊನೆಯ ಮಾತು. ದಿನವೂ ಪೇಟೆಯಲ್ಲೇ ಓಡಾಡುವವರಿಗೆ ಎ.ಎಂ.ಟಿ. ಅನುಕೂಲ. ಓಡಿಸುವ ಸುಖಕ್ಕಾಗಿ ಕೊಳ್ಳುವವರು ಐದು ಗೇರಿನ ಮ್ಯಾನುಯಲ್ ತೆಗೆದುಕೊಳ್ಳಿ. ಟೆಸ್ಟ್ ಡ್ರೈವ್‌ಗೆ ಶೋರೂಮಿನ ಮುಂದಿನ ನುಣ್ಣನೆಯ ರಸ್ತೆ ಸಾಲದು, ರಿಂಗ್ ರೋಡಿನ ತಗ್ಗು ದಿಣ್ಣೆಯ ಭಾಗಕ್ಕೂ ಒಯ್ಯಲು ಕೇಳಿ. ಮಧ್ಯಾಹ್ನದ ಬಿಸಿಲಿನಲ್ಲೇ ಹೋಗಿ, ಎ.ಸಿ. ಪೂರ್ತಿ ಹಾಕಿ, ಮನೆಯ ಮೂವರನ್ನು ಜೊತೆಗೆ ಕೂರಿಸಿಕೊಂಡು ಎರಡನೆಯ ಗೇರಿನಲ್ಲಿ ಏರು ಹತ್ತಿಸಿ ನೋಡಿ. ಹಿಂದೆ ಕುಳಿತವರ ಅಭಿಪ್ರಾಯ ಕೇಳಿ. ಆಮೇಲೆ ಮುಂಗಡ ಕೊಡಿ.

ನಮಸ್ಕಾರ.