ಬರಿಯ ಚೆಲುವ

ಪರದೆಯ ಮೇಲೆ ನೀವು ನೋಡುತ್ತಿರುವ ಈ ಅಂಗಾಲು ನನ್ನ ತಮ್ಮನ ಮಗನದು. ಹುಟ್ಟಿ ಒಂಬತ್ತು ದಿನವಾಯಿತು. ಹೆಸರು ಇನ್ನೂ ಇಲ್ಲ, ಸದ್ಯಕ್ಕೆ ಎಲ್ಲರ ಬಾಯಲ್ಲೂ ‘ಕೂಸು’. ಭಾನುವಾರ ನಾಮಕರಣ. ನಮ್ಮ ಮನೆಯಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಅಂದರೆ ನಾನು.

ಕೂಸು ಹುಟ್ಟಿದ್ದು ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ. ಅಂದು ರಾತ್ರಿ ಹೊರಗಿನ ಕಟ್ಟೆಯ ಮೇಲೆ ಕುಳಿತು ಅಪ್ಪ ತುಂಬ ಹೊತ್ತು ಆಸ್ಪತ್ರೆಯ ಫಲಕವನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, “ನಮ್ಮಪ್ಪನ ಹೆಸರು ಇಡೋಣವೇ?” ಎಂದರು. ನಮ್ಮ ತಾತನ ಹೆಸರು ಚೆಲುವಯ್ಯ. ಕೊನೆಯ ‘ಅಯ್ಯ’ ಈ ಕಾಲಕ್ಕೆ ಬೇಡ, ಬರಿಯ ‘ಚೆಲುವ’ ಸಾಕು ಎಂದು ಅಪ್ಪನ ಲೆಕ್ಕ.

ತಮ್ಮ ಸುಮ್ಮನಿದ್ದ. ಅವನ ಹೆಂಡತಿ ಮಾತ್ರ ಮಗುವಿನ ಕೆನ್ನೆ ಸವರುತ್ತಾ ಹೇಳಿದಳು: “ಅಕ್ಕ, ಇವನು ನನ್ನ ಹಾಗೆ ಕಪ್ಪು. ಚೆಲುವ ಎಂದು ಹೆಸರಿಟ್ಟರೆ ನಾಳೆ ಶಾಲೆಯಲ್ಲಿ ಹುಡುಗರು ಆಡಿಕೊಳ್ಳುವುದಿಲ್ಲವೇ?”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನೇ ಶಾಲೆಯಲ್ಲಿ ಪಾಠ ಹೇಳುವವಳು. ಮಕ್ಕಳು ಹೇಗೆ ಆಡಿಕೊಳ್ಳುತ್ತಾರೆ ಎಂದು ಬಲ್ಲೆ. ಹಾಗಾಗಿಯೇ ಈ ಬೆಳಿಗ್ಗೆ ಮಂಡ್ಯದಿಂದ ಬಸ್ಸು ಹತ್ತಿ ಮೇಲುಕೋಟೆಗೆ ಬಂದಿದ್ದೇನೆ. ಇದು ಕಲ್ಯಾಣಿ. ನೀರಿನಲ್ಲಿ ಕಾಣುತ್ತಿರುವುದು ಯೋಗಾನರಸಿಂಹನ ಬೆಟ್ಟದ ನೆರಳು. ಮಗುವಿನ ಕಿವಿಯಲ್ಲಿ ಹೇಳುವ ಮೊದಲು ಆ ಹೆಸರು ನನಗೆ ಸರಿಯಾಗಿ ಗೊತ್ತಿರಬೇಕಲ್ಲ.

ಪದದ ಅರ್ಥ ಎಲ್ಲರಿಗೂ ತಿಳಿದದ್ದೇ. ಹಳಗನ್ನಡದ ‘ಚೆಲ್ವು’ ಎಂದರೆ ಸೊಬಗು. ಅದುಳ್ಳವನು ಚೆಲ್ವಂ, ಇಂದಿನ ಚೆಲುವ. ಅಚ್ಚಕನ್ನಡದ ಮಾತು. ‘ಚೆನ್ನ’ ಇದರ ಒಡಹುಟ್ಟಿನಂಥದ್ದು. ಬೇಲೂರಿನವನು ಚೆನ್ನಕೇಶವ, ಇಲ್ಲಿಯವನು ಚೆಲುವನಾರಾಯಣ.

ಆದರೆ ಈ ಊರಿನಲ್ಲಿ ಆ ಪದಕ್ಕೆ ಇನ್ನೊಂದು ಬೇರೂ ಇದೆ, ಅದೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಇಲ್ಲಿಯ ಉತ್ಸವಮೂರ್ತಿಗೆ ಮೂರು ಹೆಸರು: ರಾಮಪ್ರಿಯ, ಸಂಪತ್ಕುಮಾರ, ಚೆಲುವಪಿಳ್ಳೆ. ಐತಿಹ್ಯ ಹೀಗಿದೆ. ಆ ಮೂರ್ತಿ ಹೇಗೋ ದೆಹಲಿಯ ಅರಮನೆ ಸೇರಿತ್ತು. ಸುಲ್ತಾನನ ಮಗಳು ಅದನ್ನು ಗೊಂಬೆಯಂತೆ ಆಡಿಸುತ್ತಾ ಬಿಟ್ಟಿರಲಾರದಷ್ಟು ಹಚ್ಚಿಕೊಂಡಿದ್ದಳು. ಮೂರ್ತಿಯನ್ನು ಹುಡುಕಿಕೊಂಡು ಹೋದ ರಾಮಾನುಜಾಚಾರ್ಯರು ತಮ್ಮ ತಮಿಳಿನಲ್ಲಿ “ಸೆಲ್ವಪಿಳ್ಳೈ, ಬಾ” ಎಂದು ಕರೆದರಂತೆ. ಕಾಲ್ಗೆಜ್ಜೆಯ ಸದ್ದು ಮಾಡುತ್ತಾ ಆ ಮೂರ್ತಿ ಕುಣಿಕುಣಿದು ಬಂದು ಅವರ ತೊಡೆಯೇರಿ ಕುಳಿತಿತಂತೆ. ತಮಿಳಿನ ‘ಸೆಲ್ವ’ ಎಂದರೆ ಸಂಪತ್ತು. ನಾವು ಮಕ್ಕಳನ್ನು ‘ನನ್ನ ಚಿನ್ನ’ ಎನ್ನುವುದಿಲ್ಲವೇ, ಅದೇ ಧಾಟಿ. ಸಂಸ್ಕೃತದವರು ಅದನ್ನು ಸಂಪತ್ಕುಮಾರ ಎಂದರು. ಕನ್ನಡದ ಕಿವಿಗೆ ಅದು ‘ಚೆಲುವ’ ಎಂದೇ ಕೇಳಿಸಿತು.

ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1206ರಲ್ಲಿ, ರಾಮಾನುಜರ ಕಾಲ ಅದಕ್ಕೂ ಹಿಂದಿನದು. ಇತಿಹಾಸದ ತಕ್ಕಡಿಯಲ್ಲಿ ಈ ಕಥೆ ತೂಗುವುದಿಲ್ಲ. ಆದರೂ ಅದನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದವರಿದ್ದಾರೆ. ಮೂರ್ತಿಯನ್ನು ಬಿಟ್ಟಿರಲಾರದೆ ಹಿಂದೆಯೇ ಬಂದ ಆ ಹುಡುಗಿ ಬೀಬಿ ನಾಚ್ಚಿಯಾರ್. ದೇವರ ಪಾದದ ಬಳಿ ಇಂದಿಗೂ ಅವಳಿಗೆ ಜಾಗವಿದೆ. ಈ ಕಥೆಯಲ್ಲಿ ಚೆಲುವ ಎನ್ನುವುದು ಬಣ್ಣಿಸುವ ಮಾತಲ್ಲ, ಕರೆಯುವ ಮಾತು.

ಗುಡಿಯ ಒಳಗೆ ಚಿತ್ರೀಕರಿಸುವಂತಿಲ್ಲ, ಕ್ಯಾಮೆರಾ ಚೀಲ ಸೇರಿತು. ಆದ್ದರಿಂದ ಕಂಡದ್ದನ್ನು ಹೇಳುತ್ತೇನೆ. ಮಂಗಳಾರತಿಯ ಬೆಳಕು ಏರಿದಾಗ ಮೊದಲು ಪಾದ, ಆಮೇಲೆ ಎದೆಯ ತುಳಸಿ, ಕೊನೆಗೆ ಮುಖ. ಎಣ್ಣೆ ಹೀರಿ ಮಿರುಗುವ ಕಪ್ಪು. ಚೆಲುವ ಎಂದು ಇಡೀ ಸೀಮೆಯೇ ಕೂಗುವ ಆ ದೇವರು ಕಪ್ಪಗಿದ್ದಾನೆ! ಇಷ್ಟು ವರ್ಷ ಬಂದು ಕೈಮುಗಿದು ಹೋಗಿದ್ದೇನೆ, ಇಂದೇ ಅದು ಕಣ್ಣಿಗೆ ಬಿದ್ದದ್ದು. ಅಕ್ಕಮಹಾದೇವಿ ಇನ್ನೂ ಮುಂದೆ ಹೋದವಳು. ‘ರೂಹಿಲ್ಲದ ಚೆಲುವ’ನಿಗೆ ಒಲಿದೆ ಎಂದಳು. ರೂಪವೇ ಇಲ್ಲದವನನ್ನೂ ಚೆಲುವ ಎನ್ನಬಹುದಾದರೆ ನಮ್ಮ ಕೂಸಿನ ಬಣ್ಣದ ಮಾತೇಕೆ?

ಈ ಕಲ್ಲುಹಾಸಿನ ಬೀದಿಯ ಪುಳಿಯೋಗರೆ ಅಂಗಡಿಯ ಯಜಮಾನರ ಹೆಸರೂ ಚೆಲುವದಿಂದಲೇ ಶುರುವಾಗುತ್ತದೆ. ತಮ್ಮ ಶಾಲೆಯ ದಿನಗಳಲ್ಲಿ ಒಂದೇ ಬೆಂಚಿನಲ್ಲಿ ಮೂವರು ಚೆಲುವರಿದ್ದರಂತೆ. ಮೊಮ್ಮಕ್ಕಳಲ್ಲಿ ಯಾರಿಗಾದರೂ ಇಟ್ಟಿದ್ದೀರಾ ಎಂದು ಕೇಳಿದೆ. ಅವರು ದೊನ್ನೆಗೆ ಪುಳಿಯೋಗರೆ ತುಂಬುತ್ತಾ, ಇಲ್ಲ ಎಂದು ತಲೆಯಾಡಿಸಿದರು.

ಈ ಹೆಸರು ಹೇಗೆ ಮರೆಯಾಗುತ್ತಿದೆ ಎಂಬುದನ್ನು ನಾನು ಹಾಜರಿ ಪುಸ್ತಕದಲ್ಲಿ ನೋಡಿದ್ದೇನೆ. 14 ವರ್ಷಗಳಿಂದ ದಿನವೂ ಹಾಜರಿ ಕರೆಯುತ್ತೇನೆ. ಆರವ್ ಇದ್ದಾನೆ, ವಿಹಾನ್ ಇದ್ದಾನೆ. ಒಬ್ಬ ಚೆಲುವನೂ “ಬಂದಿದ್ದೇನೆ ಮಿಸ್” ಎಂದಿಲ್ಲ. ಮೊದಮೊದಲು ತಂದೆಯ ಹೆಸರಿನ ಅಂಕಣದಲ್ಲಿ ಚೆಲುವರಾಜು, ಚೆಲುವೇಗೌಡ ಎಂದು ಬರೆದದ್ದು ನೆನಪಿದೆ. ಈಗೀಗ ಆ ಅಂಕಣದಲ್ಲೂ ಇಲ್ಲ, ತಂದೆಯ ಹೆಸರಿನ ಹಿಂದಿನ ಇನಿಷಿಯಲ್ ಆಗಿ ಕುಗ್ಗಿದೆ. ‘ಸಿ’ ಎಂಬ ಒಂದಕ್ಷರ, ಪಕ್ಕದಲ್ಲಿ ಒಂದು ಚುಕ್ಕೆ. ಆ ಚುಕ್ಕೆಯ ಹಿಂದೆ ಒಬ್ಬ ಚೆಲುವಯ್ಯ ಇದ್ದನೆಂದು ಆ ಮಗುವಿಗೆ ಯಾರು ಹೇಳಬೇಕು?

ಹೆಣ್ಣಿನ ಹೆಸರಾಗಿ ಇದು ಅರಮನೆಗೂ ಹೋಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಚೆಲುವಾಜಮ್ಮಣ್ಣಿ. ಅವರಿಗಾಗಿ ಕಟ್ಟಿದ ಬಂಗಲೆಯಲ್ಲೇ 1950ರಿಂದ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ನಡೆಯುತ್ತಿದೆ. ಗುಡಿಸಲಿನಲ್ಲೂ ಇದೇ ಹೆಸರು. ಈ ಗುಡಿಯಲ್ಲಿ ವರ್ಷಕ್ಕೆ ಮೂರು ದಿನ ಪರಿಶಿಷ್ಟರಿಗೆ ಪ್ರವೇಶ ಕೊಟ್ಟವರು ರಾಮಾನುಜರೇ, ಆ ಜನರನ್ನು ತಿರುಕುಲದವರು, ಅಂದರೆ ಪವಿತ್ರ ಕುಲದವರು, ಎಂದು ಕರೆದವರೂ ಅವರೇ ಎಂದು ಸಂಪ್ರದಾಯ ನೆನೆಯುತ್ತದೆ. ಮೂರೇ ದಿನ ಏಕೆ ಎಂದು ಇಂದು ಕೇಳಲೇಬೇಕು, ಕೇಳುತ್ತೇನೆ. ಆದರೆ ಹೆಸರಿಗೆ ಅಂಥ ಬಾಗಿಲಿರಲಿಲ್ಲ. ಯಾವ ಕೇರಿಯ ತಾಯಿಯಾದರೂ ಮಗನಿಗೆ ಚೆಲುವ ಎಂದು ಇಡಬಹುದಿತ್ತು, ಇಟ್ಟಳು.

ತಾತನ ಹೆಸರಿನ ಮೂಲವೂ ಇದೇ ಇರಬೇಕು. ವೈರಮುಡಿ ಉತ್ಸವದ ದಿನ ಮಂಡ್ಯದ ಖಜಾನೆಯಿಂದ ಕಿರೀಟದ ಪೆಟ್ಟಿಗೆ ಹೊರಡುತ್ತದೆ. ದಾರಿಯ ಊರೂರಲ್ಲಿ ನಿಲ್ಲಿಸಿ ಪೂಜೆ ಮಾಡುತ್ತಾರೆ. ತಾತ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ರಸ್ತೆಯಂಚಿನಲ್ಲಿ ಕಾಯುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಹೂವು ಮುಚ್ಚಿದ ಗಾಡಿ ಮತ್ತು ಪೊಲೀಸರು ಮಾತ್ರ. ವೈರಮುಡಿಗೆ ಹಗಲಿನ ಬೆಳಕು ಸೋಕಬಾರದು, ಅದನ್ನು ದೇವರು ತೊಡುವುದು ರಾತ್ರಿಯಲ್ಲಿ. ಗಾಡಿ ಮುಂದೆ ಹೋದ ಮೇಲೂ ತಾತ ಕೈಮುಗಿದು ನಿಂತೇ ಇರುತ್ತಿದ್ದರು.

ತಾತನ ಶಾಲೆಯ ವರ್ಗಾವಣೆ ಪತ್ರ ಇನ್ನೂ ಅಪ್ಪನ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ನಿನ್ನೆ ರಾತ್ರಿ ತೆಗೆಸಿ ನೋಡಿದೆ. ಮಡಿಕೆ ಹರಿದು ನಾಲ್ಕು ಚೂರಾಗಿದೆ. ನೀಲಿ ಮಸಿಯಲ್ಲಿ ಮೇಷ್ಟ್ರು ‘ಚಲುವಯ್ಯ’ ಎಂದು ಬರೆದಿದ್ದಾರೆ, ಎತ್ವ ಇಲ್ಲ. ಈ ಕಡೆ ಎರಡೂ ಬಗೆ ಬಳಕೆಯಲ್ಲಿವೆ, ಚಲುವ, ಚೆಲುವ. ಯಾರೋ ಆಮೇಲೆ ಪೆನ್ಸಿಲ್ಲಿನಲ್ಲಿ ಒಂದು ಎತ್ವ ಸೇರಿಸಿದ್ದಾರೆ. ತಾತನೇ ಇರಬೇಕು ಎನ್ನುತ್ತಾರೆ ಅಪ್ಪ. ಜನನ ಪತ್ರಕ್ಕೆ ಬರೆಸುವಾಗ ಆ ಎತ್ವ ಬಿಡಬಾರದೆಂದು ತಮ್ಮನಿಗೆ ಹೇಳಿದ್ದೇನೆ.

ಮೇಲುಕೋಟೆಯಿಂದ ಮರಳುವಷ್ಟರಲ್ಲಿ ಸಂಜೆ. ತಮ್ಮನ ಹೆಂಡತಿಗೆ ನಾನು ವಾದವನ್ನೇನೂ ಹೂಡಲಿಲ್ಲ. ತಂದ ಪ್ರಸಾದ ಕೊಟ್ಟು, ಕಪ್ಪು ಕಲ್ಲಿನ ಮೇಲೆ ಆರತಿ ಏರಿದ್ದನ್ನೂ ದೆಹಲಿಯ ಹುಡುಗಿಯ ಕಥೆಯನ್ನೂ ಹೇಳಿದೆ. ಅವಳು ಕೇಳಿಸಿಕೊಂಡಳು, ಏನೂ ಅನ್ನಲಿಲ್ಲ. ನಡುರಾತ್ರಿ ಕೂಸು ಅಳುವ ಸದ್ದಿಗೆ ನನಗೆ ಎಚ್ಚರವಾಯಿತು. ಪಕ್ಕದ ಕೋಣೆಯಿಂದ ಅವಳ ದನಿ: “ಬಾ ಚೆಲುವ, ಬಾ. ಬಂದೆ, ಬಂದೆ.”

ಇದು ಭಾನುವಾರದ ಬೆಳಿಗ್ಗೆ. ತಟ್ಟೆಯಲ್ಲಿ ರಾಜಮುಡಿ ಅಕ್ಕಿ ಹರಡಿದ್ದೇವೆ, ಅಪ್ಪನ ಹಟ ಅದು. ಕೆಂಪು ಕಾಳಿನ ಮೇಲೆ ಉಂಗುರದಿಂದ ತಮ್ಮ ಬರೆಯುತ್ತಿದ್ದಾನೆ. ಮೊದಲು ಚ, ಅದಕ್ಕೆ ಎತ್ವ. ಆಮೇಲೆ ಲು. ಕೊನೆಗೆ ವ. ಅಲ್ಲಿಗೆ ಕೈ ಎತ್ತಿದ. ಬಾಲ ಬೇಡವೇ ಎಂದು ಅಜ್ಜಿ ಕೇಳಿದಾಗ, ಬೇಡ ಎಂದವಳು ಮಗುವಿನ ತಾಯಿ.

ಇನ್ನು ನನ್ನ ಸರದಿ. ಎಣ್ಣೆ ನೀರಿನ ಬಿಸಿ ಇನ್ನೂ ಆರದ ಪುಟ್ಟ ಕಿವಿ, ಮೇಲೆ ಮೆತ್ತನೆಯ ರೋಮ. ನಾನು ಮೂರು ಸಲ ಹೇಳುತ್ತೇನೆ. ಆ ದನಿ ನಿಮಗೆ ಕೇಳಿಸುವುದಿಲ್ಲ, ಮೈಕನ್ನು ದೂರ ಇಟ್ಟಿದ್ದೇನೆ.