ಕೂಸು ಹುಟ್ಟುವ ಮುಂಚೆ

ಸಭೆಯಲ್ಲಿರುವ ಹಿರಿಯರೆ, ಗೆಳೆಯರೆ, ಮುಂದಿನ ಸಾಲಿನಲ್ಲಿ ಹಳದಿ ಅಂಗಿ ತೊಟ್ಟು ಕುಳಿತಿರುವ ಹುಡುಗರೆ,

ಈ ಸಲದ, ಅಂದರೆ 2026ರ ಫುಟ್‌ಬಾಲ್ ವಿಶ್ವಕಪ್ ಯಾರು ಗೆಲ್ಲುತ್ತಾರೆ ಎಂಬ ಬಗ್ಗೆ ನಾಲ್ಕು ಮಾತು ಆಡಿ ಎಂದು ನನ್ನನ್ನು ಕರೆದರು. ಅದು ನನಗೆ ತಿಳಿಯದು. ನನಗೆ ಅಷ್ಟಿಷ್ಟು ಅನುಭವ ಇರುವುದು ಕಾಯುವ ವಿಷಯದಲ್ಲಿ ಮಾತ್ರ. ಪಂದ್ಯ ತೊಂಬತ್ತು ನಿಮಿಷದ್ದು, ಕಾಯುವುದು ನಾಲ್ಕು ವರ್ಷ. ಆದ್ದರಿಂದ ಅಭಿಮಾನಿಯ ಕಸುಬು ನೋಡುವುದಲ್ಲ, ಕಾಯುವುದು ಎಂದು ಇಟ್ಟುಕೊಂಡೇ ಮಾತು ಶುರು ಮಾಡುತ್ತೇನೆ.

1986ರಲ್ಲಿ ನಾನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಸ್ಕೇಲು ಇಟ್ಟು ಗೆರೆ ಎಳೆದು ಮೆಕ್ಸಿಕೋ ವಿಶ್ವಕಪ್ಪಿನ ಪಟ್ಟಿ ಮಾಡಿದ್ದೆ. 24 ತಂಡ, 52 ಪಂದ್ಯ. ಗೋಲುಗಳನ್ನು ತುಂಬಲು ಚೌಕಗಳು. ತಪ್ಪಿದರೆ ಅಳಿಸಬೇಕಲ್ಲ, ಅದಕ್ಕೆ ಪೆನ್ಸಿಲ್ಲನ್ನು ದಾರದಲ್ಲಿ ಕಟ್ಟಿ ಹಾಳೆ ತೂಗಿದ ಮೊಳೆಗೇ ನೇತು ಹಾಕಿದ್ದೆ. ಜೂನ್ 22ರ ರಾತ್ರಿ ಅರ್ಜೆಂಟೀನಾ ಮತ್ತು ಇಂಗ್ಲೆಂಡ್. ನಮ್ಮ ಗಡಿಯಾರದಲ್ಲಿ ಹನ್ನೊಂದೂವರೆಗೆ ಶುರು. ವಾರವಿಡೀ ಅದೊಂದಕ್ಕೇ ಕಾದಿದ್ದೆ. ಎದುರು ಮನೆಯವರ ಟಿ.ವಿ. ಮುಂದೆ ಎಂಟು ಗಂಟೆಗೇ ಜಾಗ ಹಿಡಿದು ಕುಳಿತವನು ಹತ್ತೂವರೆಗೆ ಗೋಡೆಗೆ ಒರಗಿ ನಿದ್ದೆ ಹೋದೆ. ಮರಡೋನಾ ಕೈಯಿಂದ ಹೊಡೆದ ಗೋಲನ್ನೂ, ನಾಲ್ಕು ನಿಮಿಷದ ಬಳಿಕ ಅರ್ಧ ಇಂಗ್ಲೆಂಡನ್ನು ದಾಟಿ ಹೊಡೆದ ಗೋಲನ್ನೂ ನಾನು ಕಂಡದ್ದು ಆಮೇಲೆ, ಮರುಪ್ರಸಾರದಲ್ಲಿ. ಆದರೂ ಆ ವಿಶ್ವಕಪ್ ನೆನಪಾದಾಗ ಕಣ್ಣಿಗೆ ಕಟ್ಟುವುದು ಆ ಗೋಲುಗಳಲ್ಲ. ಖಾಲಿ ಚೌಕಗಳ ಆ ಹಾಳೆ, ಗಾಳಿಗೆ ತೂಗುವ ಆ ಪೆನ್ಸಿಲ್.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ನಮ್ಮಲ್ಲಿ ನಗುತ್ತಾರೆ. ಈ ಗಾದೆಯ ಜೊತೆ ನನಗೆ ಸ್ವಲ್ಪ ತಕರಾರು ಇದೆ. ಅದಕ್ಕೆ ಮೊದಲು, ಗಾದೆಯ ಪಕ್ಷ ವಹಿಸುವ ಕಥೆಯನ್ನೇ ಹೇಳಿಬಿಡುತ್ತೇನೆ.

1950ರ ಬ್ರೆಜಿಲ್. ರಿಯೋ ನಗರದಲ್ಲಿ ಈ ವಿಶ್ವಕಪ್ಪಿಗೆಂದೇ ಮರಕಾನಾ ಕ್ರೀಡಾಂಗಣ ಕಟ್ಟಿದ್ದರು. ಆ ಸಲ ನಿಯಮದ ಪ್ರಕಾರ ಫೈನಲ್ ಎಂಬುದು ಇರಲಿಲ್ಲ. ಕೊನೆಗೆ ಉಳಿದ ನಾಲ್ಕು ತಂಡಗಳು ಒಂದರ ವಿರುದ್ಧ ಒಂದು ಆಡಬೇಕು, ಹೆಚ್ಚು ಅಂಕ ಪಡೆದವರಿಗೆ ಕಪ್. ಬ್ರೆಜಿಲ್ ಸ್ವೀಡನ್ನಿಗೆ 7-1, ಸ್ಪೇನಿಗೆ 6-1 ಬಾರಿಸಿತ್ತು. ಉರುಗ್ವೆ ಅದೇ ಸ್ಪೇನಿನ ಜೊತೆ 2-2 ಡ್ರಾ ಮಾಡಿಕೊಂಡು, ಸ್ವೀಡನ್ನನ್ನು 3-2ರಲ್ಲಿ ಕಷ್ಟಪಟ್ಟು ಸೋಲಿಸಿತ್ತು. ಜುಲೈ 16ರ ಕೊನೆಯ ಪಂದ್ಯದಲ್ಲಿ ಬ್ರೆಜಿಲ್ ಗೆಲ್ಲುವುದೂ ಬೇಕಿರಲಿಲ್ಲ, ಡ್ರಾ ಆದರೆ ಸಾಕು.

ಇಂಥ ಲೆಕ್ಕ ಮುಂದಿಟ್ಟುಕೊಂಡ ದೇಶ ಹೇಗೆ ಕಾಯುತ್ತದೆ? ಅದು ಕಾಯುವುದೇ ಇಲ್ಲ. ಅಂದಿನ ಪತ್ರಿಕೆಯೊಂದು ಬ್ರೆಜಿಲ್ ತಂಡದ ಚಿತ್ರ ಅಚ್ಚು ಹಾಕಿ ‘ಇವರೇ ವಿಶ್ವ ಚಾಂಪಿಯನ್ನರು’ ಎಂದು ಬರೆಯಿತು. ಆಟಗಾರರ ಹೆಸರಿನಲ್ಲಿ ಚಿನ್ನದ ಪದಕಗಳು ತಯಾರಾಗಿದ್ದವು. ಗೆಲುವಿನ ಹಾಡೂ ಸಿದ್ಧವಿತ್ತು. ಫಿಫಾ ಅಧ್ಯಕ್ಷ ಜೂಲ್ ರಿಮೆ ಅಭಿನಂದನಾ ಭಾಷಣವನ್ನು ಪೋರ್ಚುಗೀಸ್ ಭಾಷೆಯಲ್ಲಿ ಬರೆಸಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಆಟಕ್ಕೆ ಮೊದಲೇ ನಗರದ ಮೇಯರ್ ಧ್ವನಿವರ್ಧಕದಲ್ಲಿ ತಮ್ಮ ಆಟಗಾರರನ್ನು ವಿಜಯಿಗಳೆಂದು ಹೊಗಳಿದರು. ಇತ್ತ ಉರುಗ್ವೆಯ ನಾಯಕ ಒಬ್ದುಲಿಯೊ ವರೇಲಾ ಆ ಪತ್ರಿಕೆಯ ಪ್ರತಿಗಳನ್ನು ಕೊಂಡು ತಂದು ಹೋಟೆಲಿನ ಬಚ್ಚಲಿನಲ್ಲಿ ಹಾಸಿ, ಅದರ ಮೇಲೆ ಮೂತ್ರ ಮಾಡಿ ಬನ್ನಿ ಎಂದು ತನ್ನ ಹುಡುಗರಿಗೆ ಹೇಳಿದನಂತೆ. ಪತ್ರಿಕೆಗೆ ಇಷ್ಟು ಖಾರದ ವಿಮರ್ಶೆ ಇನ್ನೊಂದು ಬಂದಿರಲಾರದು.

ಟಿಕೆಟ್ ಕೊಂಡು ಬಂದವರೇ 1,73,850 ಮಂದಿ. ಹಾಗೇ ನುಗ್ಗಿದವರೂ ಸೇರಿ ಎರಡು ಲಕ್ಷದ ಹತ್ತಿರ. ವಿರಾಮದ ನಂತರ ಎರಡೇ ನಿಮಿಷಕ್ಕೆ ಫ್ರಿಯಾಸಾ ಗೋಲು ಹೊಡೆದ. ಕುಲಾವಿ ಸರಿಯಾಗಿಯೇ ಕೂರುವಂತಿತ್ತು. 66ನೇ ನಿಮಿಷಕ್ಕೆ ಉರುಗ್ವೆಯ ಗಿಗ್ಗಿಯ ಬಲಬದಿಯಲ್ಲಿ ಓಡಿಬಂದು ಚೆಂಡನ್ನು ನಡುವಿಗೆ ತಳ್ಳಿದ, ಸ್ಕಿಯಾಫಿನೊ ಸಮ ಮಾಡಿದ. ಆಗಲೂ ಕಪ್ ಬ್ರೆಜಿಲ್ಲಿನದೇ. 79ನೇ ನಿಮಿಷಕ್ಕೆ ಮತ್ತೆ ಗಿಗ್ಗಿಯ, ಮತ್ತೆ ಅದೇ ಬಲಬದಿ. ಗೋಲ್‌ಕೀಪರ್ ಬಾರ್ಬೊಸಾ ಲೆಕ್ಕ ಹಾಕಿದ: ಹೋದ ಸಲ ನಡುವಿಗೆ ಕೊಟ್ಟ, ಈಗಲೂ ಅಲ್ಲಿಗೇ ಕೊಡುತ್ತಾನೆ. ಎಂದುಕೊಂಡು ಕಂಬ ಬಿಟ್ಟು ಒಂದು ಹೆಜ್ಜೆ ಈಚೆ ಬಂದ. ಗಿಗ್ಗಿಯ ಆ ಕಂಬಕ್ಕೂ ಬಾರ್ಬೊಸಾನಿಗೂ ನಡುವೆ ಉಳಿದ ಸಂದಿಯಲ್ಲೇ ಚೆಂಡು ತೂರಿಸಿದ. 2-1. ಎರಡು ಲಕ್ಷ ಜನ ಒಮ್ಮೆಲೇ ಸುಮ್ಮನಾದರು.

ಬಾರ್ಬೊಸಾ ಎಣಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಒಂದು ದೇಶ ಹೊಲಿಸಿಟ್ಟ ಕುಲಾವಿಗೆ ಕೂಸು ಇಲ್ಲವೆಂದಾಗ ಯಾರನ್ನಾದರೂ ಹಿಡಿದು ಕೇಳಬೇಕಲ್ಲ. ಅಳಿದುಳಿದ ಬದುಕೆಲ್ಲ ಅವನನ್ನು ಕೇಳಿದರು. 1993ರಲ್ಲಿ ಬ್ರೆಜಿಲ್ ತಂಡದ ಅಭ್ಯಾಸ ಶಿಬಿರಕ್ಕೆ ಹೋದರೆ, ಅಪಶಕುನವೆಂದು ಒಳಗೆ ಬಿಡಲಿಲ್ಲ. ಬ್ರೆಜಿಲ್ಲಿನಲ್ಲಿ ಅತಿ ದೊಡ್ಡ ಶಿಕ್ಷೆ ಮೂವತ್ತು ವರ್ಷ, ನಾನು ಐವತ್ತು ವರ್ಷ ಅನುಭವಿಸಿದೆ ಎಂಬ ಅರ್ಥದ ಮಾತು ಆಡಿ 2000ದಲ್ಲಿ ತೀರಿಕೊಂಡ. ಅವನು ಕಪ್ಪು ಮೈಬಣ್ಣದವನಾಗಿದ್ದ ಎಂಬುದನ್ನೂ ಇಲ್ಲಿ ಹೇಳದೆ ಬಿಡಲಾರೆ.

ತಂಡ ತೊಟ್ಟಿದ್ದ ಬಿಳಿ ಅಂಗಿಗೂ ಅಪಶಕುನದ ಹೆಸರು ಅಂಟಿತು. 1953ರಲ್ಲಿ ಪತ್ರಿಕೆಯೊಂದು ಹೊಸ ಅಂಗಿಯ ವಿನ್ಯಾಸಕ್ಕೆ ಸ್ಪರ್ಧೆ ಏರ್ಪಡಿಸಿತು. ಧ್ವಜದ ನಾಲ್ಕು ಬಣ್ಣಗಳೂ ಇರಬೇಕೆಂಬುದು ಷರತ್ತು. ಗೆದ್ದವನು ಹತ್ತೊಂಬತ್ತು ವರ್ಷದ ಅಲ್ದಿರ್ ಶ್ಲೀ ಎಂಬ ಹುಡುಗ. ಹಳದಿ ಅಂಗಿ, ಹಸಿರು ಅಂಚು, ನೀಲಿ ಚಡ್ಡಿ, ಬಿಳಿ ಕಾಲುಚೀಲ. ಮುಂದಿನ ಸಾಲಿನ ಹುಡುಗರೆ, ನೀವು ಈಗ ತೊಟ್ಟಿರುವುದು ಅದನ್ನೇ. ಒಂದು ಗುಟ್ಟು ಹೇಳಲೆ? ಆ ಶ್ಲೀ ಉರುಗ್ವೆಯ ಗಡಿಯಲ್ಲಿ ಹುಟ್ಟಿ ಬೆಳೆದವನು. ಅವನ ಮನಸ್ಸು ಇದ್ದದ್ದು ಉರುಗ್ವೆ ತಂಡದ ಕಡೆಗೆ.

ಇದೇ ಜಾತಿಯ ಇನ್ನೊಂದು ಕಥೆ ಸ್ಕಾಟ್ಲೆಂಡಿನದು. ಇದರಲ್ಲಿ ನಗುವಿಗೆ ಹೆಚ್ಚು ಜಾಗ ಇದೆ. 1978ರ ಅರ್ಜೆಂಟೀನಾ ವಿಶ್ವಕಪ್ಪಿಗೆ ಇಂಗ್ಲೆಂಡಿಗೆ ಅರ್ಹತೆ ಸಿಗಲಿಲ್ಲ, ಸ್ಕಾಟ್ಲೆಂಡಿಗೆ ಸಿಕ್ಕಿತು. ಅರ್ಧ ಸಂತೋಷ ಅಲ್ಲಿಗೇ ಆಯಿತು. ತರಬೇತುದಾರ ಆಲಿ ಮೆಕ್‌ಲೌಡ್ ಮಾತಿನ ಮಲ್ಲ. ವಿಶ್ವಕಪ್ ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ‘ಮುಂದಿನ ಸಲವೂ ಉಳಿಸಿಕೊಳ್ಳುತ್ತೇನೆ’ ಎಂದನೆಂದು ಹೇಳುತ್ತಾರೆ. ತಂಡ ಹೊರಡುವ ಮುನ್ನ ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಸಾವಿರಾರು ಜನ ಸೇರಿದರು. ಪಂದ್ಯವಿಲ್ಲ, ಏನಿಲ್ಲ. ತೆರೆದ ಬಸ್ಸಿನಲ್ಲಿ ಆಟಗಾರರು ಮೈದಾನ ಸುತ್ತುವುದನ್ನು ನೋಡಲು, ಅದೂ ದುಡ್ಡು ಕೊಟ್ಟು. ಗೆದ್ದ ಮೇಲೆ ಮಾಡುವ ಮೆರವಣಿಗೆಯನ್ನು ಹೊರಡುವ ಮೊದಲೇ ಮಾಡಿಬಿಟ್ಟರು. ಅಲ್ಲಿ ಹೋಗಿ ಪೆರುವಿಗೆ 3-1ರಲ್ಲಿ ಸೋತರು, ಇರಾನ್ ಜೊತೆ 1-1. ಕೊನೆಗೆ, ಮುಂದೆ ಫೈನಲ್ ಆಡಲಿದ್ದ ನೆದರ್‌ಲೆಂಡ್ಸನ್ನು ಮೂರು ಗೋಲುಗಳ ಅಂತರದಲ್ಲಿ ಸೋಲಿಸಬೇಕಾಗಿ ಬಂತು. ಆರ್ಚಿ ಗೆಮ್ಮಿಲ್ ಮೂವರನ್ನು ದಾಟಿ ಹೊಡೆದ ಗೋಲಿನಿಂದ 3-1 ಆದಾಗ ಇನ್ನೊಂದೇ ಬಾಕಿ ಇತ್ತು. ಬಂದ ಗೋಲು ಎದುರಾಳಿಯದು. 3-2ರಲ್ಲಿ ಗೆದ್ದು ಮನೆಗೆ ಬಂದರು.

ಇಷ್ಟಾದರೂ ಸ್ಕಾಟರು ಬುದ್ಧಿ ಕಲಿತಿಲ್ಲ. ನನಗೆ ಅವರು ಇಷ್ಟವಾಗುವುದು ಅದಕ್ಕೇ. 1998ರ ಬಳಿಕ ಒಂದು ವಿಶ್ವಕಪ್ಪಿಗೂ ಹೋಗದವರು 2025ರ ನವೆಂಬರ್ 18ರ ರಾತ್ರಿ ಅದೇ ಹ್ಯಾಂಪ್ಡನ್‌ನಲ್ಲಿ ಡೆನ್ಮಾರ್ಕನ್ನು 4-2ರಲ್ಲಿ ಸೋಲಿಸಿದರು. ಕೊನೆಯ ಎರಡು ಗೋಲುಗಳು ಬಂದದ್ದು ತೊಂಬತ್ತು ನಿಮಿಷ ಮುಗಿದ ಮೇಲೆ, ಅದರಲ್ಲೊಂದು ಮೈದಾನದ ಅರ್ಧದಿಂದ. ವಿಶ್ವಕಪ್ಪಿನ ಮೊದಲ ಸುತ್ತನ್ನು ಒಮ್ಮೆಯೂ ದಾಟದ ದೇಶವದು. ಈಗ ಮತ್ತೆ ಸೂಜಿ ದಾರ ಹಿಡಿದು ಕುಳಿತಿದ್ದಾರೆ.

ಅದೇ ರಾತ್ರಿ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಇನ್ನೊಂದು ಪಂದ್ಯ. ಕ್ಯುರಸಾವ್ ಎಂಬ ದ್ವೀಪ. 444 ಚದರ ಕಿಲೋಮೀಟರ್, ಒಂದೂವರೆ ಲಕ್ಷ ಚಿಲ್ಲರೆ ಜನ, ಅಂದರೆ ನಮ್ಮ ಒಂದು ತಾಲ್ಲೂಕು ಎನ್ನಿ. ಅವರಿಗೂ ಬೇಕಿದ್ದದ್ದು ಒಂದು ಡ್ರಾ, 1950ರ ಬ್ರೆಜಿಲ್ಲಿನ ಹಾಗೆಯೇ. ಜಮೈಕಾದವರ ಹೊಡೆತ ಮೂರು ಸಲ ಗೋಲುಕಂಬಕ್ಕೆ ಬಡಿಯಿತು. ಕೊನೆಯ ಗಳಿಗೆಯಲ್ಲಿ ರೆಫರಿ ಜಮೈಕಾಕ್ಕೆ ಪೆನಾಲ್ಟಿ ಕೊಟ್ಟರು; ವಿಡಿಯೊ ನೋಡಿ ಬಂದು ವಾಪಸು ಪಡೆದರು. 0-0. ವಿಶ್ವಕಪ್ ಆಡಲಿರುವ ದೇಶಗಳಲ್ಲಿ ಇಂದಿನವರೆಗೆ ಎಲ್ಲಕ್ಕಿಂತ ಕಡಿಮೆ ಜನಸಂಖ್ಯೆಯದ್ದು ಇದೇ. ಆ ರಾತ್ರಿಯ ಮೂರನೆಯ ಕಥೆ ಹೈಟಿಯದು. ಸ್ವದೇಶದಲ್ಲಿ ಶಸ್ತ್ರಧಾರಿ ಗುಂಪುಗಳ ಹಾವಳಿ, ತವರಿನಲ್ಲಿ ಒಂದು ಪಂದ್ಯವನ್ನೂ ಆಡಲಾಗದೆ ಪರದೇಶದ ಮೈದಾನವನ್ನೇ ತವರು ಮಾಡಿಕೊಂಡು ಆಡಿದ ತಂಡ, 1974ರ ಬಳಿಕ ಮೊದಲ ಬಾರಿಗೆ ಅರ್ಹತೆ ಪಡೆಯಿತು. 1803ರಲ್ಲಿ ಹೈಟಿಯವರು ಫ್ರೆಂಚ್ ಸೈನ್ಯವನ್ನು ಸೋಲಿಸಿದ ವರ್ತಿಯೇರ್ ಕದನದ ದಿನವೂ ನವೆಂಬರ್ 18. ಇವರ ಮೊದಲ ಪಂದ್ಯ ಯಾರ ಜೊತೆ ಗೊತ್ತೆ? ಸ್ಕಾಟ್ಲೆಂಡ್ ಜೊತೆಗೇ.

ಕೇಪ್ ವರ್ಡೆಯ ಬಗ್ಗೆ ಒಂದೇ ಸಂಗತಿ ಹೇಳುತ್ತೇನೆ. ಆಫ್ರಿಕಾದ ಪಶ್ಚಿಮಕ್ಕೆ ಹತ್ತು ದ್ವೀಪಗಳ ದೇಶ, 1975ರಲ್ಲಿ ಸ್ವಾತಂತ್ರ್ಯ. ಅವರ ರಕ್ಷಣಾ ಆಟಗಾರ ರಾಬರ್ಟೊ ಲೋಪೆಸ್ ಹುಟ್ಟಿದ್ದು ಡಬ್ಲಿನ್ನಿನಲ್ಲಿ. ತಂದೆ ಕೇಪ್ ವರ್ಡೆಯವರು. ಉದ್ಯೋಗ ಹುಡುಕುವವರ ತಾಣವಾದ ಲಿಂಕ್ಡ್‌ಇನ್‌ನಲ್ಲಿ ಅವನಿಗೆ ಪೋರ್ಚುಗೀಸ್ ಭಾಷೆಯಲ್ಲಿ ಒಂದು ಸಂದೇಶ ಬಂತು. ಯಾವುದೋ ಕಾಟದ ಜಾಹೀರಾತು ಎಂದು ಓದದೆ ಬಿಟ್ಟ. ತಿಂಗಳುಗಳ ನಂತರ ಎರಡನೆಯ ಸಂದೇಶ ಬಂದಾಗಲೇ ಮೊದಲಿನದನ್ನು ಭಾಷಾಂತರಿಸಿ ನೋಡಿದ್ದು: ನಮ್ಮ ದೇಶಕ್ಕೆ ಆಡುತ್ತೀಯಾ ಎಂದು ರಾಷ್ಟ್ರೀಯ ತಂಡದ ತರಬೇತುದಾರ ಕೇಳಿದ್ದರು! 2025ರ ಅಕ್ಟೋಬರ್ 13ರಂದು ರಾಜಧಾನಿ ಪ್ರಾಯಾದಲ್ಲಿ ಎಸ್ವಾಟಿನಿಯನ್ನು 3-0ಯಲ್ಲಿ ಸೋಲಿಸಿ, ಕ್ಯಾಮರೂನನ್ನು ಹಿಂದಿಕ್ಕಿ, ಸ್ವಾತಂತ್ರ್ಯದ ಐವತ್ತನೆಯ ವರ್ಷದಲ್ಲಿ ಅವರು ವಿಶ್ವಕಪ್ಪಿಗೆ ಬಂದರು. ಗುಂಪಿನಲ್ಲಿ ಸ್ಪೇನ್ ಇದೆ, ಉರುಗ್ವೆ ಇದೆ. ಮೂರು ಪಂದ್ಯಗಳನ್ನೂ ಸೋತು ಬರಬಹುದು. ಅದಕ್ಕೆಂದು ಈಗ ಬಾವುಟ ಹೊಲಿಯಬಾರದೆ? ನನ್ನ ತಕರಾರು ಇದೇ. ಕುಲಾವಿ ಹೊಲಿಯುವುದರಲ್ಲಿ ತಪ್ಪಿಲ್ಲ, ಬಸುರಿಯಿದ್ದ ಮನೆಯಲ್ಲಿ ಎಲ್ಲರೂ ಹೊಲಿಯುತ್ತಾರೆ. ರಿಯೋದವರು ಮಾಡಿದ ತಪ್ಪೆಂದರೆ ಅದರ ಮೇಲೆ ಹೆಸರನ್ನೂ ಕಸೂತಿ ಹಾಕಿಸಿದ್ದು.

ನಮ್ಮ ಪಾಡು ಬೇರೆ. ನಾವು ನೆರೆಮನೆಯ ಕೂಸಿಗೆ ಕುಲಾವಿ ಹೊಲಿಯುವವರು. ಇದೇ ಬೆಂಗಳೂರಿನ ಹಲಸೂರು ಬಳಿಯ ಗೌತಮಪುರಕ್ಕೆ ಮಿನಿ ಬ್ರೆಜಿಲ್ ಎಂದೇ ಹೆಸರು, ಅಲ್ಲಿ ಪೆಲೆಯ ಪ್ರತಿಮೆ ಇದೆ. ಮರಕಾನಾದ ದಿನ ರೇಡಿಯೊ ಮುಂದೆ ಅಳುತ್ತಿದ್ದ ಅಪ್ಪನಿಗೆ, ನಾನು ಗೆದ್ದುಕೊಂಡು ಬರುತ್ತೇನೆ ಎಂದು ಮಾತು ಕೊಟ್ಟ ಒಂಬತ್ತು ವರ್ಷದ ಹುಡುಗನೇ ಆ ಪೆಲೆ.

ನಮಗೂ ಕೂಸು ಹುಟ್ಟಬಹುದಿತ್ತು, ಅದೂ ಅದೇ 1950ರಲ್ಲಿ. ಎರಡು ವರ್ಷ ಮೊದಲು ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು, ಹೆಚ್ಚಿನವರು ಬರಿಗಾಲಿನಲ್ಲೇ, ಫ್ರಾನ್ಸನ್ನು ಎದುರಿಸಿದ್ದರು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿಗಳು ಹಾಳಾಗಿ, ಕೊನೆಗಳಿಗೆಯ ಗೋಲಿನಿಂದ 2-1ರಲ್ಲಿ ಸೋತೆವು. ಆಮೇಲೆ ಬ್ರೆಜಿಲ್ ವಿಶ್ವಕಪ್ಪಿಗೆ ಕರೆ ಬಂತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿನಲ್ಲಿ ಭಾರತದ ಹೆಸರೂ ಸೇರಿತು. ನಾವು ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವೆಂದು ಹೋಗಲಿಲ್ಲ ಎಂಬುದು ಇಂದಿಗೂ ಚಲಾವಣೆಯಲ್ಲಿರುವ ಕಥೆ, ಚಂದದ ಕಥೆಯೂ ಹೌದು. ನಿಜ ಕಾರಣ ಅಷ್ಟು ಚಂದವಿಲ್ಲ: ನಮ್ಮ ಆಡಳಿತದವರಿಗೆ ಒಲಿಂಪಿಕ್ಸ್ ಮುಂದೆ ವಿಶ್ವಕಪ್ ದೊಡ್ಡದಾಗಿ ಕಾಣಲಿಲ್ಲ. ಬ್ರೆಜಿಲ್ಲಿನವರು ಖರ್ಚಿನ ಬಹುಪಾಲು ಕೊಡುತ್ತೇವೆಂದರೂ ಕಾಣಲಿಲ್ಲ.

ಈ ಸಲದ ಅರ್ಹತಾ ಸುತ್ತಿನಲ್ಲಿ ಗುವಾಹಟಿಯಲ್ಲಿ ಅಫ್ಗಾನಿಸ್ತಾನಕ್ಕೆ ಸೋತೆವು, ಕೋಲ್ಕತ್ತಾದಲ್ಲಿ ಕುವೈತ್ ಜೊತೆ 0-0, ದೋಹಾದಲ್ಲಿ ಗೆರೆ ದಾಟಿ ಹೊರಹೋದ ಚೆಂಡನ್ನು ಒಳಗೆಳೆದು ಕತಾರ್ ಹೊಡೆದ ಗೋಲನ್ನು ರೆಫರಿ ಒಪ್ಪಿಕೊಂಡರು. ಅನ್ಯಾಯವೇ. ಆದರೆ ಗುವಾಹಟಿಯಲ್ಲಿ ಗೆದ್ದಿದ್ದರೆ ಆ ಅನ್ಯಾಯ ನಮ್ಮನ್ನು ಅಷ್ಟು ಕಾಡುತ್ತಿರಲಿಲ್ಲ.

ಈ ಸಲ 48 ತಂಡ, 104 ಪಂದ್ಯ. ನನ್ನ ಆ ಕ್ಯಾಲೆಂಡರ್ ಪಟ್ಟಿಯ ಸರಿಯಾಗಿ ಎರಡರಷ್ಟು. ಒಂದು ಹಾಳೆ ಸಾಲದೆಂದು ಎರಡನ್ನು ಗೋಂದು ಹಾಕಿ ಅಂಟಿಸಿದ್ದೇನೆ, ಗೆರೆ ಎಳೆದೂ ಆಯಿತು. ಪೆನ್ಸಿಲ್ ಕಟ್ಟುವುದು ಬಾಕಿ. ಮೊದಲ ಪಂದ್ಯ ಮೆಕ್ಸಿಕೋ ನಗರದ ಅಜ್‌ಟೆಕಾದಲ್ಲಿ, ಅಂದು ನಾನು ನಿದ್ದೆ ಮಾಡಿ ತಪ್ಪಿಸಿಕೊಂಡ ಪಂದ್ಯ ನಡೆದ ಅದೇ ಮೈದಾನದಲ್ಲಿ. ತಾರೀಖು ಜೂನ್ 11 ಎಂದು ಎಲ್ಲೆಡೆ ಬರೆದಿರುತ್ತದೆ, ಆದರೆ ಅದು ಅಲ್ಲಿನ ಮಧ್ಯಾಹ್ನ ಒಂದು ಗಂಟೆ. ನಮಗೆ ಆಗ ನಡುರಾತ್ರಿ ಹನ್ನೆರಡೂವರೆ, ತಾರೀಖು 12 ಆಗಿರುತ್ತದೆ. ಹನ್ನೆರಡರ ರಾತ್ರಿ ಎಂದು ತಪ್ಪು ತಿಳಿದು ಒಂದು ದಿನ ತಡವಾಗಿ ಎದ್ದು ಕೂರಬೇಡಿ. ಗೋಡೆಗೂ ಒರಗಬೇಡಿ.