ಮುಕ್ಕಾಲು ಪಾಲು ಜನರ ಸಹಿ: ಬ್ಲ್ಯಾಕ್ ಹಿಲ್ಸ್ ಕೈತಪ್ಪಿದ ಕಥೆ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಪಶ್ಚಿಮ ಅಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಕುದುರೆ, ಬಂದೂಕು, ಅಗಲ ಟೋಪಿ. ಸಿನಿಮಾ ನೋಡಿ ಬೆಳೆದವರಿಗೆ ಅದು ಸಹಜ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಒಂದು ಕಾಗದದ ಬಗ್ಗೆ. 1868ರಲ್ಲಿ, ಈಗಿನ ವಯೋಮಿಂಗ್ ರಾಜ್ಯದ ಫೋರ್ಟ್ ಲರಮಿ ಎಂಬ ಸೈನಿಕ ಠಾಣ್ಯದಲ್ಲಿ ಆದ ಕರಾರು ಅದು. ಒಂದು ಕಡೆ ಅಮೆರಿಕ ಸರ್ಕಾರ. ಇನ್ನೊಂದು ಕಡೆ ಲಕೋಟಾ ಜನ ಮತ್ತು ಅವರ ನೆಂಟ ಬುಡಕಟ್ಟುಗಳು. ಬಿಳಿಯರು ಇವರನ್ನೆಲ್ಲ ಒಟ್ಟಾಗಿ 'ಸೂ' ಎಂದು ಕರೆಯುತ್ತಿದ್ದರು.

ಸರ್ಕಾರ ಕರಾರಿಗೆ ಯಾಕೆ ಬಂತು? ಸೋತಿತ್ತು, ಅದಕ್ಕೆ. ಮೊಂಟಾನಾದಲ್ಲಿ ಚಿನ್ನ ಸಿಕ್ಕಿದ ಮೇಲೆ ಲಕೋಟಾಗಳ ಬೇಟೆ ನೆಲದ ನಡುವೆಯೇ ಬೋಜ್‌ಮನ್ ದಾರಿ ಬಿತ್ತು. ಆ ದಾರಿ ಕಾಯಲು ಸೈನ್ಯ ಕೋಟೆಗಳನ್ನು ಕಟ್ಟಿತು. ರೆಡ್ ಕ್ಲೌಡ್ ಎಂಬ ನಾಯಕ ಎರಡು ವರ್ಷ ಬಿಡದೆ ಹೋರಾಡಿದ. 1866ರ ಡಿಸೆಂಬರ್ 21ರಂದು ಕ್ಯಾಪ್ಟನ್ ಫೆಟರ್‌ಮನ್ ಜೊತೆ ಕೋಟೆಯಿಂದ ಹೊರಟ ತುಕಡಿಯಲ್ಲಿ ಒಬ್ಬನೂ ವಾಪಸ್ ಬರಲಿಲ್ಲ. ಸತ್ತವರು 81 ಜನ.

ಕೋಟೆ ಖಾಲಿಯಾಗುವವರೆಗೆ ಸಹಿ ಹಾಕುವುದಿಲ್ಲ ಎಂದು ರೆಡ್ ಕ್ಲೌಡ್ ಪಟ್ಟು ಹಿಡಿದ. 1868ರ ಬೇಸಿಗೆಯಲ್ಲಿ ಸೈನಿಕರು ಗಂಟುಮೂಟೆ ಕಟ್ಟಿ ಹೊರಟರು. ಅವರ ಬೆನ್ನ ಹಿಂದೆಯೇ ಕೋಟೆಗಳು ಉರಿದು ಬೂದಿಯಾದವು. ನವೆಂಬರ್‌ನಲ್ಲಿ ಅವನು ಲರಮಿಗೆ ಬಂದ. ಅಲ್ಲಿದ್ದ ಅಧಿಕಾರಿ ಬರೆದಿಟ್ಟ ವರದಿಯಲ್ಲಿ ಒಂದು ಚಿತ್ರ ಇದೆ, ನನ್ನ ಮನಸ್ಸಿನಿಂದ ಅದು ಹೋಗುವುದೇ ಇಲ್ಲ. ರೆಡ್ ಕ್ಲೌಡ್ ಬಗ್ಗಿ, ನೆಲದ ಧೂಳು ತೆಗೆದುಕೊಂಡು, ಕೈ ತೊಳೆಯುವವರ ಹಾಗೆ ಎರಡೂ ಕೈಗೆ ತಿಕ್ಕಿಕೊಂಡ. ಆಮೇಲೆ ಗುರುತು ಹಾಕಿದ. ಗುರುತು ಅಂದರೆ ಒಂದು ಗುಣಿಸು ಚಿಹ್ನೆ, ನಮ್ಮಲ್ಲಿ ಹೆಬ್ಬೆಟ್ಟು ಒತ್ತುತ್ತಾರಲ್ಲ, ಹಾಗೆ. ಹೆಸರು ಬರೆಯುವವನು ಗುಮಾಸ್ತ. ಎಷ್ಟೋ ಸಲ ಲೇಖನಿಯ ತುದಿ ಸುಮ್ನೆ ಮುಟ್ಟಿದರೂ ಸಹಿ ಆಯಿತು ಎಂದೇ ಲೆಕ್ಕ.

ಆ ಕಾಗದದಲ್ಲಿ ಏನಿತ್ತು? ಈಗಿನ ಸೌತ್ ಡಕೋಟಾ ರಾಜ್ಯದಲ್ಲಿ ಮಿಸೌರಿ ನದಿಯಿಂದ ಪಶ್ಚಿಮಕ್ಕೆ ಇರುವ ಅಷ್ಟೂ ನೆಲ ಇವರದ್ದು, ಇಲ್ಲಿ ಬೇರೆಯವರು ಬಂದು ನೆಲೆಸುವ ಹಾಗಿಲ್ಲ ಎಂದಿತ್ತು. ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲು ಅದರೊಳಗೇ ಬರುತ್ತದೆ. ಪೈನ್ ಮರಗಳು ಎಷ್ಟು ದಟ್ಟ ಅಂದರೆ ದೂರದ ಬಯಲಿನಿಂದ ಬೆಟ್ಟ ಕಪ್ಪಗೆ ಕಾಣುತ್ತದೆ. ಲಕೋಟಾಗಳು ಅದನ್ನು 'ಹೆ ಸಾಪಾ' ಎನ್ನುತ್ತಾರೆ. ತಮ್ಮ ಮೂಲ ಪೂರ್ವಜರು ಭೂಮಿಯ ಒಳಗಿನಿಂದ ಮೇಲೆ ಬಂದದ್ದು ಅಲ್ಲಿನ ಒಂದು ಗುಹೆಯಿಂದ ಎಂದು ಅವರು ನಂಬುತ್ತಾರೆ. ತವರು ಅಂದರೆ ಅದೇ.

12ನೇ ಕಲಮನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಈ ನೆಲದ ಯಾವುದೇ ಭಾಗವನ್ನು ಮುಂದೆ ಬಿಟ್ಟುಕೊಡಬೇಕಾದರೆ, ವಯಸ್ಕ ಗಂಡಸರಲ್ಲಿ ಕನಿಷ್ಠ ಮುಕ್ಕಾಲು ಪಾಲು ಜನ ಸಹಿ ಹಾಕಬೇಕು. ಇಲ್ಲದಿದ್ದರೆ ಆ ಒಪ್ಪಂದ ನಡೆಯುವುದಿಲ್ಲ. ಯಾರೋ ಒಂದಿಬ್ಬರನ್ನು ಒಲಿಸಿಕೊಂಡು ಬರೆಸಿಕೊಳ್ಳಬಾರದು ಎಂದೇ ಹಾಕಿದ ಮಾತು ಅದು.

ಆರು ವರ್ಷವೂ ಬಾಳಲಿಲ್ಲ. 1873ರಲ್ಲಿ ಅಮೆರಿಕದ ಬ್ಯಾಂಕುಗಳು ಮುಳುಗಿದವು, ರೈಲ್ವೆ ಕಂಪನಿಗಳು ಕುಸಿದವು, ಕೆಲಸ ಇಲ್ಲದ ಜನ ಬೀದಿಗೆ ಬಿದ್ದರು. ಚಿನ್ನದ ಗಾಳಿಸುದ್ದಿಗೆ ಇದಕ್ಕಿಂತ ಒಳ್ಳೆಯ ಕಾಲ ಬೇಕೇ? 1874ರ ಜುಲೈನಲ್ಲಿ ಕಸ್ಟರ್ ಎಂಬ ಸೇನಾಧಿಕಾರಿ ಸುಮಾರು ಸಾವಿರ ಜನರನ್ನು ಕಟ್ಟಿಕೊಂಡು ಬ್ಲ್ಯಾಕ್ ಹಿಲ್ಸ್‌ಗೆ ನುಗ್ಗಿದ. ಜೊತೆಗೆ ನೂರಕ್ಕೂ ಜಾಸ್ತಿ ಗಾಡಿಗಳು, ಭೂವಿಜ್ಞಾನಿಗಳು, ಪತ್ರಕರ್ತರು, ಒಬ್ಬ ಫೋಟೋಗ್ರಾಫರ್, ವಾದ್ಯದ ತಂಡ ಕೂಡ. ಕೋಟೆ ಕಟ್ಟಲು ಜಾಗ ನೋಡುತ್ತೇವೆ ಎಂದು ಹೇಳಿಕೊಂಡಿದ್ದರು. ಹಾಗಾದರೆ ಚಿನ್ನ ಹುಡುಕುವ ಗಣಿಗಾರರು ಯಾಕೆ ಬೇಕಿತ್ತು? ಫ್ರೆಂಚ್ ಕ್ರೀಕ್ ಎಂಬ ಹಳ್ಳದ ಮರಳಿನಲ್ಲಿ ಚಿನ್ನದ ಕಣ ಸಿಕ್ಕಿತು. ಸುದ್ದಿ ಪತ್ರಿಕೆಗಳಿಗೆ ಹೋಯಿತು. ಕಸ್ಟರ್ ಬಂದ ಹಾದಿಗೆ ಲಕೋಟಾಗಳು 'ಕಳ್ಳರ ದಾರಿ' ಎಂದು ಹೆಸರಿಟ್ಟರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಪಶ್ಚಿಮಕ್ಕೆ ಹೋದವರೆಲ್ಲ ದರೋಡೆಕೋರರಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆ, ಐದು ವರ್ಷ ಉಳುಮೆ ಮಾಡಿದವರಿಗೆ 160 ಎಕರೆ ಕೊಡುತ್ತಿತ್ತು. ನಾರ್ವೆಯಿಂದ, ಜರ್ಮನಿಯಿಂದ ಒಂದು ಪೆಟ್ಟಿಗೆ ಹಿಡಿದು ಬಂದ ಬಡವರು ಹುಲ್ಲುಮಣ್ಣಿನ ಹೆಂಟೆಯಲ್ಲೇ ಗೋಡೆ ಎಬ್ಬಿಸಿ ಬದುಕಿದರು. ಸ್ವಂತ ಹೊಲದ ಆಸೆ ಯಾರಿಗಿಲ್ಲ, ಅಲ್ವಾ? ಅವರನ್ನು ದ್ವೇಷಿಸಲು ನನ್ನಿಂದ ಆಗುವುದಿಲ್ಲ. ಆದರೆ ಆ ಹೊಲ ಯಾರದ್ದು ಎಂದು ಗೊತ್ತಿದ್ದೂ ಹಂಚಿದವರು ವಾಷಿಂಗ್ಟನ್‌ನಲ್ಲಿ ಕೂತಿದ್ದರು.

1875ರಲ್ಲಿ ಸರ್ಕಾರ ಬೆಟ್ಟಕ್ಕೆ 60 ಲಕ್ಷ ಡಾಲರ್ ಬೆಲೆ ಕಟ್ಟಿತು. ಲಕೋಟಾಗಳು ಒಪ್ಪಲಿಲ್ಲ. ನವೆಂಬರ್‌ನಲ್ಲಿ ಅಧ್ಯಕ್ಷ ಗ್ರಾಂಟ್ ಸೇನಾಧಿಕಾರಿಗಳನ್ನು ಕರೆಸಿ ಮಾತಾಡಿದರು. ಗಣಿಗಾರರನ್ನು ತಡೆಯುತ್ತಿದ್ದ ಸೈನ್ಯ ಅಲ್ಲಿಂದ ಮುಂದೆ ಸುಮ್ಮನಾಯಿತು. ಡಿಸೆಂಬರ್‌ನಲ್ಲಿ ಇನ್ನೊಂದು ಆಜ್ಞೆ: ಬೇಟೆಗೆ ಹೋಗಿರುವ ಗುಂಪುಗಳೆಲ್ಲ 1876ರ ಜನವರಿ 31ರೊಳಗೆ ಸರ್ಕಾರಿ ಏಜೆನ್ಸಿಗಳಿಗೆ, ಅಂದರೆ ಬುಡಕಟ್ಟುಗಳ ಉಸ್ತುವಾರಿಗೆ ಸರ್ಕಾರ ಇಟ್ಟಿದ್ದ ಕಚೇರಿಗಳಿಗೆ, ಬರಬೇಕು, ಬಾರದವರು ಶತ್ರುಗಳು. ನಡು ಚಳಿಗಾಲ. ಆಳೆತ್ತರ ಹಿಮ. ಮಕ್ಕಳು, ಮುದುಕರು, ಬಡಕಲಾದ ಕುದುರೆಗಳು. ಎಷ್ಟೋ ಗುಂಪುಗಳಿಗೆ ಆ ಸುದ್ದಿ ಮುಟ್ಟುವ ಹೊತ್ತಿಗೆ ಗಡುವೇ ಮುಗಿದಿತ್ತು.

ಮುಂದಿನ ಯುದ್ಧ ನಿಮಗೆ ಗೊತ್ತಿರಬಹುದು. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ನದಿಯ ದಡದಲ್ಲಿ ಕಸ್ಟರ್ ಮತ್ತು ಅವನ ಜೊತೆಗಿದ್ದ ಇನ್ನೂರಕ್ಕೂ ಜಾಸ್ತಿ ಸೈನಿಕರು ಸತ್ತರು. ಸಿಟ್ಟಿಂಗ್ ಬುಲ್, ಕ್ರೇಜಿ ಹಾರ್ಸ್ ಎಂಬ ಲಕೋಟಾ ನಾಯಕರ ಹೆಸರು ಮನೆಮಾತಾಯಿತು. ಅದನ್ನು ಬಿಡಿಸಿ ಹೇಳಲು ಹೋಗುವುದಿಲ್ಲ. ಬೆಟ್ಟ ಕೈತಪ್ಪಿದ್ದು ಆ ರಣರಂಗದಲ್ಲಿ ಅಲ್ಲವೇ ಅಲ್ಲ.

ಕೈತಪ್ಪಿದ್ದು ರೇಷನ್ ಚೀಟಿಯಲ್ಲಿ. ಕಾಡೆಮ್ಮೆ ಕಡಿಮೆಯಾಗುತ್ತಾ ಬಂದ ಹಾಗೆ ಏಜೆನ್ಸಿಗಳ ಹತ್ತಿರ ಇದ್ದ ಜನ ಸರ್ಕಾರ ಕೊಡುವ ಮಾಂಸ, ಹಿಟ್ಟಿನ ಮೇಲೆ ಬದುಕುತ್ತಿದ್ದರು. 1876ರ ಆಗಸ್ಟ್‌ನಲ್ಲಿ ಅಮೆರಿಕದ ಸಂಸತ್ತು ಒಂದು ಕಾಯ್ದೆ ಮಾಡಿತು: ಬ್ಲ್ಯಾಕ್ ಹಿಲ್ಸ್ ಬಿಟ್ಟುಕೊಡದಿದ್ದರೆ ಇನ್ನು ಮುಂದೆ ಊಟಕ್ಕೆ ದುಡ್ಡಿಲ್ಲ. 'ಮಾರು, ಇಲ್ಲ ಉಪವಾಸ ಸಾಯಿ' ಎಂದೇ ಜನ ಅದನ್ನು ಕರೆದರು. ಅಧಿಕಾರಿಗಳ ತಂಡ ಏಜೆನ್ಸಿಯಿಂದ ಏಜೆನ್ಸಿಗೆ ಸಹಿ ಸಂಗ್ರಹಿಸುತ್ತಾ ಹೋಯಿತು. ಹಸಿದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೇಖನಿ ಮುಟ್ಟಿದ ಆ ಅಪ್ಪಂದಿರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಅಷ್ಟಾದರೂ ಸಹಿ ಹಾಕಿದವರು ವಯಸ್ಕ ಗಂಡಸರಲ್ಲಿ ಹತ್ತನೇ ಒಂದು ಪಾಲು ಮಾತ್ರ. ಬೇಕಿದ್ದದ್ದು ಮುಕ್ಕಾಲು. 1877ರ ಫೆಬ್ರವರಿ 28ರಂದು ಅದನ್ನೇ ಕಾನೂನು ಮಾಡಿ ಬೆಟ್ಟವನ್ನು ಕಿತ್ತುಕೊಂಡರು. ಅಲ್ಲಿನ ಹೋಮ್‌ಸ್ಟೇಕ್ ಎಂಬ ಒಂದೇ ಗಣಿ 2002ರವರೆಗೆ ನಡೆದು ಸುಮಾರು 4 ಕೋಟಿ ಔನ್ಸ್ ಚಿನ್ನ ಕೊಟ್ಟಿತು.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಈ ವಿಷಯ ಆರಿಸಿಕೊಳ್ಳುತ್ತಿರಲಿಲ್ಲ. ಲಕೋಟಾಗಳು ಆ 1868ರ ಕಾಗದವನ್ನು ಮರೆಯಲಿಲ್ಲ. ಸರ್ಕಾರದ ಮೇಲೆ ದಾವೆ ಹೂಡಲು ಅವರಿಗೆ ಅನುಮತಿ ಸಿಕ್ಕಿದ್ದೇ 1920ರಲ್ಲಿ. 1923ರಲ್ಲಿ ಕೇಸು ಹಾಕಿದರು. 1942ರಲ್ಲಿ ಅದು ವಜಾ ಆಯಿತು. ಬಿಡದೆ ಮತ್ತೆ ಹೋದರು. ಇದಕ್ಕಿಂತ ನೀತಿಗೆಟ್ಟ ವ್ಯವಹಾರ ನಮ್ಮ ಇತಿಹಾಸದಲ್ಲಿ ಬಹುಶಃ ಸಿಗಲಾರದು ಎಂದು 1975ರಲ್ಲಿ ಒಂದು ಫೆಡರಲ್ ಕೋರ್ಟೇ ಬರೆಯಿತು. 1980ರ ಜೂನ್ 30ರಂದು ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ನೆಲದ ಬೆಲೆ 1 ಕೋಟಿ 71 ಲಕ್ಷ ಡಾಲರ್, 1877ರಿಂದ ಅದಕ್ಕೆ ಬಡ್ಡಿ. ಎಲ್ಲ ಸೇರಿ 10 ಕೋಟಿ ಡಾಲರಿಗೂ ಜಾಸ್ತಿ.

ಅವರು ಆ ದುಡ್ಡು ಮುಟ್ಟಲಿಲ್ಲ. ಇವತ್ತಿಗೂ ಮುಟ್ಟಿಲ್ಲ. ಸರ್ಕಾರದ ಖಾತೆಯಲ್ಲಿ ಅದು ಬೆಳೆದು 100 ಕೋಟಿ ಡಾಲರ್ ದಾಟಿದೆ. ಲಕೋಟಾಗಳ ಪೈನ್ ರಿಡ್ಜ್ ಮೀಸಲು ಪ್ರದೇಶ ಅಮೆರಿಕದ ತೀರಾ ಬಡ ಪ್ರದೇಶಗಳಲ್ಲಿ ಒಂದು. ಮನೆಯಲ್ಲಿ ಕಷ್ಟ ಇದ್ದಾಗ ಅಷ್ಟು ದುಡ್ಡನ್ನು ಬೇಡ ಎನ್ನುವುದು ಸುಲಭದ ಮಾತಲ್ಲ. ಪರಿಹಾರ ತೆಗೆದುಕೊಂಡರೆ ಮಾರಿದ ಹಾಗೆ, ನಾವು ಮಾರಿಲ್ಲ ಎನ್ನುತ್ತಾರೆ.

ಆ ಬೆಟ್ಟಗಳ ನಡುವೆ ಪೆ ಸ್ಲಾ ಎಂಬ ಹುಲ್ಲುಗಾವಲು ಇದೆ. ವಸಂತದಲ್ಲಿ ಅವರು ಪೂಜೆ ಮಾಡುವ ಜಾಗ. 2012ರಲ್ಲಿ ಅದರ ಖಾಸಗಿ ಮಾಲೀಕರು ನೆಲ ಮಾರಲು ಹೊರಟರು. ಬುಡಕಟ್ಟುಗಳು ತಮ್ಮ ತಮ್ಮ ದುಡ್ಡು ಹಾಕಿ, ಊರೂರಿನ ಜನರಿಂದ ಚಂದಾ ಎತ್ತಿ, 90 ಲಕ್ಷ ಡಾಲರ್ ಕೊಟ್ಟು ಸುಮಾರು 1,900 ಎಕರೆ ಕೊಂಡವು. ಈಗ ಅಲ್ಲಿ ಕಾಡೆಮ್ಮೆಗಳು ಮೇಯುತ್ತಿವೆ.